ಟೈಗರ್ ಬಿಡಿ, ಸೆಂಚೂರಿಯನ್ ಹಿಡಿಯಿರಿ

ಗುಬ್ಬಿಯ ಓದುಗರೊಬ್ಬರು ಕೇಳಿದ್ದಾರೆ: ಡೈಕಾಸ್ಟ್ ಕಾರುಗಳನ್ನು ಕೂಡಿಟ್ಟಿದ್ದು ಸಾಕೆನಿಸಿ ಈಗ ಟ್ಯಾಂಕ್‌ಗಳ ಕಡೆ ಮನಸ್ಸು ಹೊರಳಿದೆ, ಮೊದಲಿಗೆ ಒಂದು ಜರ್ಮನ್ ಟೈಗರ್ ತರಿಸಿಬಿಡಲೇ?

ಬೇಡ ಎಂಬುದೇ ನನ್ನ ಉತ್ತರ. ಟೈಗರ್ ಮೇಲೆ ನನಗೇನೂ ಸಿಟ್ಟಿಲ್ಲ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ತಯಾರಿಸಿದ ಟೈಗರ್-1ಗಳ ಸಂಖ್ಯೆ 1,400 ಕೂಡ ಮುಟ್ಟಲಿಲ್ಲ. ಅಮೆರಿಕದ ಶರ್ಮನ್ 49 ಸಾವಿರ ದಾಟಿತ್ತು. ಪುಟ್ಟ ಟ್ಯಾಂಕ್‌ಗಳ ಮಾರುಕಟ್ಟೆಗೆ ಬಂದರೆ ಮಾತ್ರ ಈ ಲೆಕ್ಕ ತಲೆಕೆಳಗು. ಎಲ್ಲಿ ನೋಡಿದರೂ ಟೈಗರ್, ಅದರ ಪಕ್ಕದಲ್ಲಿ ಪ್ಯಾಂಥರ್. ಎಲ್ಲರ ಕಪಾಟಿನಲ್ಲೂ ಇರುವುದನ್ನೇ ನೀವೂ ಇಟ್ಟರೆ ಅದು ಖರೀದಿಯಾಯಿತೇ ಹೊರತು ಸಂಗ್ರಹವಾಗಲಿಲ್ಲ. ಸಂಗ್ರಹ ಎನ್ನಿಸಿಕೊಳ್ಳಲು ಒಂದು ಎಳೆ ಬೇಕು. ನಮ್ಮ ಸೇನೆ ಯಾವ ಟ್ಯಾಂಕ್‌ಗಳಲ್ಲಿ ಕೂತು ಹೋರಾಡಿತೋ ಅವನ್ನೇ ಒಂದೊಂದಾಗಿ ಕೂಡಿಸುವುದು ನಾನು ಹಿಡಿದಿರುವ ಎಳೆ. ತುಮಕೂರು ಸೀಮೆಯವರಿಗೆ ಇದಕ್ಕಿಂತ ಒಪ್ಪುವ ಎಳೆ ಇನ್ನೊಂದಿಲ್ಲ.

ಯಾಕೆಂದರೆ ಈ ಕಥೆಯ ಒಂದು ತುದಿ ಕುಣಿಗಲ್ಲಿನಲ್ಲಿದೆ. ಇವತ್ತು ರೇಸ್ ಕುದುರೆಗಳಿಂದ ಹೆಸರಾದ ಅಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಲ್ಲಿ ಸೇನೆಗಾಗಿ ಕುದುರೆ ಬೆಳೆಸಿದ ಜಾಗ. ಬ್ರಿಟಿಷರೂ ಅದನ್ನು ಅದಕ್ಕೇ ಬಳಸಿದರು. ಕುದುರೆ ಸವಾರರ ಪಡೆಗಳೇ ಮುಂದೆ ಟ್ಯಾಂಕ್ ಪಡೆಗಳಾದವು. 1938ರಲ್ಲಿ ಸಿಂಧ್ ಹಾರ್ಸ್ ಮತ್ತು 13ನೇ ಲ್ಯಾನ್ಸರ್ಸ್ ಕುದುರೆ ಇಳಿದು ಯಂತ್ರ ಹತ್ತಿದವು. ಪೂನಾ ಹಾರ್ಸ್, ಡೆಕ್ಕನ್ ಹಾರ್ಸ್, 7ನೇ ಲೈಟ್ ಕ್ಯಾವಲ್ರಿ ಎಂಬ ಹೆಸರುಗಳಲ್ಲಿ ಆ ಹಳೆಯ ನೆನಪು ಇನ್ನೂ ಉಳಿದಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ನಮ್ಮ ಮೈಸೂರು ಲ್ಯಾನ್ಸರ್ಸ್ ದಾರಿ ಮಾತ್ರ ಬೇರೆ. ಅವರು 1953ರಲ್ಲಿ ಕಟ್ಟಿದ 61ನೇ ಕ್ಯಾವಲ್ರಿ ಸೇರಿದರು, ಆ ಪಡೆ ಕುದುರೆಯನ್ನು ಬಿಡಲೇ ಇಲ್ಲ. ಹಾಗಾಗಿ ಕನ್ನಡದವರ ಟ್ಯಾಂಕ್ ಸಾಲನ್ನು ಮೈಸೂರಿನಿಂದ ಅಲ್ಲ, ಮಡಿಕೇರಿಯಿಂದ ಶುರು ಮಾಡಬೇಕು.

1948ರ ನವೆಂಬರ್ 1. ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆದಾರಿಯಲ್ಲಿ ಟ್ಯಾಂಕ್ ಬಂದೀತೆಂದು ಎದುರಾಳಿಗಳು ಕನಸಿನಲ್ಲೂ ಎಣಿಸಿರಲಿಲ್ಲ. ಅಲ್ಲಿಗೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳನ್ನು ಹತ್ತಿಸಿದ ಕಾರ್ಯಾಚರಣೆಯ ಹಿಂದಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ತಿಮ್ಮಯ್ಯ. ಗುಟ್ಟು ಬಯಲಾಗದಂತೆ, ಸೇತುವೆಗಳಿಗೆ ಭಾರವೂ ಆಗದಂತೆ ಟರೆಟ್‌ಗಳನ್ನು ಬಿಚ್ಚಿ ಸಾಗಿಸಿದ್ದರು. ಆದ್ದರಿಂದ ಮೊದಲ ಟ್ಯಾಂಕ್ ಸ್ಟುವರ್ಟ್ ಆಗಲಿ. 1/72 ಅಳತೆಯಲ್ಲಿ ಸುಲಭವಾಗಿ ಸಿಗುತ್ತದೆ. ಕೊಳ್ಳುವಾಗ ಒಂದನ್ನು ಗಮನಿಸಿ: ಆರಂಭದ ಎಂ3ರ ಮುಂಭಾಗ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಜೋಜಿಲಾ ಏರಿದ ಎಂ5ರ ಮುಂಭಾಗ ಒಂದೇ ಇಳಿಜಾರು ತಗಡು, ಒಳಗಿನ ಎರಡು ಕ್ಯಾಡಿಲಾಕ್ ಎಂಜಿನ್‌ಗಳಿಗಾಗಿ ಹಿಂಭಾಗ ಎತ್ತರ. ಪೆಟ್ಟಿಗೆಯ ಮೇಲೆ ಬರೀ ‘ಸ್ಟುವರ್ಟ್’ ಎಂದಿದ್ದರೆ ನಂಬಿ ಕೊಳ್ಳಬೇಡಿ, ಮುಖ ನೋಡಿ ಕೊಳ್ಳಿ.

ಆಮೇಲೆ ಸೆಂಚೂರಿಯನ್. ನನ್ನ ಮಟ್ಟಿಗೆ ಡೈಕಾಸ್ಟ್‌ನಲ್ಲಿ ಇದಕ್ಕಿಂತ ಘನವಾದ ಟ್ಯಾಂಕ್ ಇಲ್ಲ. 1965ರಲ್ಲಿ ಅಸಲ್ ಉತ್ತರದ ಕಬ್ಬಿನ ಗದ್ದೆಗಳ ನಡುವೆ 3ನೇ ಕ್ಯಾವಲ್ರಿ ಇದೇ ಟ್ಯಾಂಕ್‌ನಿಂದ ಪಾಕಿಸ್ತಾನದ ಪ್ಯಾಟನ್‌ಗಳ ಸೊಕ್ಕು ಮುರಿಯಿತು. 1971ರ ಡಿಸೆಂಬರ್ 16ರಂದು ಬಸಂತರ್‌ನಲ್ಲಿ ಪೂನಾ ಹಾರ್ಸ್‌ನ ಅರುಣ್ ಖೇತರ್‌ಪಾಲ್ ಪ್ರಾಣ ಕೊಟ್ಟದ್ದು ‘ಫಾಮಗುಸ್ತಾ’ ಎಂಬ ಸೆಂಚೂರಿಯನ್‌ನಲ್ಲಿ. ಪರಮವೀರ ಚಕ್ರ ಬಂದಾಗ ಅವರು ಇರಲಿಲ್ಲ. ವಯಸ್ಸು 21. ಮಹಾರಾಷ್ಟ್ರದ ಅಹ್ಮದ್‌ನಗರದಲ್ಲಿ, ಈಗಿನ ಅಹಿಲ್ಯಾನಗರದಲ್ಲಿ, ಟ್ಯಾಂಕ್ ವಸ್ತುಸಂಗ್ರಹಾಲಯವೇ ಇದೆ. ಈ ಹವ್ಯಾಸಕ್ಕೆ ಬಿದ್ದವರು ಒಮ್ಮೆಯಾದರೂ ಅಲ್ಲಿಗೆ ಹೋಗಿ, ನಿಜವಾದ ಉಕ್ಕಿನ ಮುಂದೆ ನಿಂತು ಬರಬೇಕು. ಪುಟ್ಟದನ್ನು ಅಳೆಯುವ ಕಣ್ಣು ಬರುವುದು ದೊಡ್ಡದನ್ನು ನೋಡಿದ ಮೇಲೆಯೇ.

ಹಳಬರಿಗೆ ಸೆಂಚೂರಿಯನ್ ಎಂದರೆ ಡಿಂಕಿ. ಲಿವರ್‌ಪೂಲ್‌ನ ಬಿನ್ಸ್ ರೋಡ್ ಕಾರ್ಖಾನೆಯಿಂದ 1954ರಲ್ಲಿ ಬಂದ 651ನೇ ನಂಬರಿನ ಟ್ಯಾಂಕ್ ಅದು. ಟರೆಟ್ ತಿರುಗುತ್ತದೆ, ಚೈನು ರಬ್ಬರಿನದು. ಅಳತೆ 1/60ರ ಆಸುಪಾಸು, ಹಾಗಾಗಿ ಇಂದಿನ 1/72ರ ಪಕ್ಕ ಇಟ್ಟರೆ ದೊಡ್ಡದಾಗಿ ಕಾಣುತ್ತದೆ. ಸಂಗ್ರಹದಲ್ಲಿ ಅಳತೆ ಬೆರೆಸಬಾರದು ಎಂಬ ನಿಯಮಕ್ಕೆ ನಾನು ಕೊಡುವ ಒಂದೇ ವಿನಾಯಿತಿ ಈ ಡಿಂಕಿ. ಉಳಿದಂತೆ ಲೆಕ್ಕ ಕಟ್ಟುನಿಟ್ಟು. ನಿಜವಾದ ಸೆಂಚೂರಿಯನ್ ಅಗಲ ಸುಮಾರು 3.39 ಮೀಟರ್. ಅದು 1/72ರಲ್ಲಿ 47 ಮಿಲಿಮೀಟರ್, 1/50ರಲ್ಲಿ 68, 1/32ರಲ್ಲಿ 106 ಆಗಬೇಕು. ಸ್ಕೇಲು ಹಿಡಿದು ಅಳೆದರೆ ಮಾರುವವರ ಮಾತಿನ ಬಣ್ಣ ಅಲ್ಲೇ ಗೊತ್ತಾಗುತ್ತದೆ. ನಮ್ಮ ಮನೆಗಳ ಕಪಾಟಿಗೆ 1/72 ಸರಿ. 1/32 ನೋಡಲು ಭವ್ಯ, ಆದರೆ ನಾಲ್ಕು ಟ್ಯಾಂಕ್ ಇಡುವಷ್ಟರಲ್ಲಿ ಒಂದು ಅಟ್ಟವೇ ತುಂಬುತ್ತದೆ.

ಇನ್ನು ನನಗೆ ಅತ್ಯಂತ ಪ್ರಿಯವಾದ ವಿಷಯಕ್ಕೆ ಬರುತ್ತೇನೆ: 1971ರ ಟಿ-55. ನಮ್ಮ ಬಳಿ ಇದ್ದದ್ದು ಸೋವಿಯತ್ ಟಿ-54 ಮತ್ತು ಟಿ-55. ಪಾಕಿಸ್ತಾನದ ಬಳಿ ಚೀನಾದ ಟೈಪ್ 59, ಅದು ಟಿ-54ರ ತದ್ರೂಪು. ದೂಳಿನಲ್ಲಿ, ದೂರದಿಂದ ನೋಡಿದವರಿಗೆ ನಮ್ಮದು ಯಾವುದು, ಅವರದು ಯಾವುದು ತಿಳಿಯುವಂತಿರಲಿಲ್ಲ. ಈ ಟ್ಯಾಂಕ್‌ಗಳಲ್ಲಿ ಹೊಗೆ ಹೀರುವ ಉಬ್ಬು ಬ್ಯಾರಲ್‌ನ ತುದಿಯಲ್ಲೇ ಇರುತ್ತದೆ. ನಮ್ಮವರು ಬ್ಯಾರಲ್‌ನ ನಡುವೆ ಇನ್ನೊಂದು ಸುಳ್ಳು ಉಬ್ಬನ್ನು ತೊಡಿಸಿದರು. ಕೆಲಸಕ್ಕೆ ಬಾರದ ಒಂದು ಡ್ರಮ್ಮು, ಗುರುತಿಗೆ ಮಾತ್ರ. ಅಂಗಡಿಯ ಟಿ-55ರಲ್ಲಿ ಅದು ಇರುವುದಿಲ್ಲ. ಅದನ್ನು ನೀವೇ ಮಾಡಬೇಕು, ಮಾಡುವುದು ಸುಲಭವೂ ಹೌದು. ತೆಳು ಕಾಗದದ ಪಟ್ಟಿಗೆ ಬಿಳಿ ಗೋಂದು ಸವರಿ ಬ್ಯಾರಲ್ ಸುತ್ತ ಬಿಗಿಯಾಗಿ ಸುತ್ತುತ್ತಾ ಹೋಗಿ. ತುದಿಯ ಉಬ್ಬಿಗಿಂತ ಸ್ವಲ್ಪ ದಪ್ಪವಾದಾಗ ನಿಲ್ಲಿಸಿ, ಒಣಗಿದ ಮೇಲೆ ಹಸಿರು ಬಣ್ಣ ಹಚ್ಚಿ. ಅಷ್ಟರಿಂದಲೇ ಎಲ್ಲೋ ಪೂರ್ವ ಯುರೋಪಿನ ಟ್ಯಾಂಕ್ ನಮ್ಮದಾಗುತ್ತದೆ. ಮೂಲ ಬಣ್ಣಕ್ಕೆ ಕೈ ಹಚ್ಚಿದಂತೆಯೂ ಆಗುವುದಿಲ್ಲ, ಒದ್ದೆ ಮಾಡಿ ಬಿಚ್ಚಿದರೆ ಕಾಗದ ಬಂದುಬಿಡುತ್ತದೆ. ಕೊಳ್ಳುವ ಮುನ್ನ ಟರೆಟ್‌ನ ನೆತ್ತಿ ನೋಡುವುದನ್ನು ಮರೆಯಬೇಡಿ. ಅಲ್ಲಿ ಅಣಬೆಯಂಥ ಗಾಳಿ ಮುಚ್ಚಳವಿದ್ದರೆ ಅದು ಟಿ-54, ಬೋಳಾಗಿದ್ದರೆ ಟಿ-55.

ಅದೇ ಟ್ಯಾಂಕ್‌ನ ಚೈನಿನಲ್ಲಿ ಒಳ್ಳೆಯ ಮಾಲು ಯಾವುದೆಂದೂ ತಿಳಿಯುತ್ತದೆ. ಟಿ-55ರ ಚೈನಿಗೆ ಮೇಲೆ ಆಧಾರ ಕೊಡುವ ಸಣ್ಣ ಗಾಲಿಗಳಿಲ್ಲ. ಚೈನು ತನ್ನ ಭಾರಕ್ಕೆ ಬಾಗಿ ದೊಡ್ಡ ಗಾಲಿಗಳ ಮೇಲೆಯೇ ಮಲಗುತ್ತದೆ. ಅಗ್ಗದ ಮಾದರಿಗಳಲ್ಲಿ ಅದು ಬಿಗಿದ ರಬ್ಬರ್ ಬ್ಯಾಂಡಿನಂತೆ ಗಾಳಿಯಲ್ಲಿ ನೆಟ್ಟಗೆ ನಿಂತಿರುತ್ತದೆ. ಹಾಗಿರುವುದನ್ನು ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ನಾನು ತೆಗೆದುಕೊಳ್ಳುವುದಿಲ್ಲ. 1971ರ ನವೆಂಬರ್ 21ರಂದು ಗರೀಬ್‌ಪುರದಲ್ಲಿ 45ನೇ ಕ್ಯಾವಲ್ರಿ ಓಡಿಸಿದ, ನೀರಿನ ಮೇಲೂ ತೇಲುವ ಪಿಟಿ-76ಕ್ಕೂ ಈ ಮಾತು ಅನ್ವಯಿಸುತ್ತದೆ. ‘ಪಿಪ್ಪಾ’ ಸಿನಿಮಾ ನೋಡಿದವರಿಗೆ ಈ ಟ್ಯಾಂಕ್ ಪರಿಚಯವಿದ್ದೀತು.

ಹತ್ತಿರದಿಂದ ನೋಡಲು ಸಾಧನ ಬೇಕಲ್ಲ? ತುಮಕೂರಿನವರು ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಎಚ್‌ಎಂಟಿ ಕೈಗಡಿಯಾರ ತಯಾರಾದ ಊರು ಇದು. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ಮತ್ತು ಚೂಪು ಚಿಮಟ ಎರಡೂ ಈ ಹವ್ಯಾಸಕ್ಕೆ ಹೇಳಿ ಮಾಡಿಸಿದಂತಿವೆ. ಮಸೂರದಲ್ಲಿ ಮೊದಲು ನೋಡಬೇಕಾದ್ದು ಹೊಟ್ಟೆಯಡಿಯನ್ನು. ಡೈಕಾಸ್ಟ್ ಎಂದರೆ ಸತುವಿನ ಎರಕ. ಅದಕ್ಕೆ ಸುಮಾರು ಶೇ 4ರಷ್ಟು ಅಲ್ಯೂಮಿನಿಯಂ, ಚೂರು ಮೆಗ್ನೀಸಿಯಂ ಬೆರೆಸಿ ಕರಗಿಸಿ, ಒತ್ತಡದಿಂದ ಉಕ್ಕಿನ ಅಚ್ಚಿಗೆ ತುಂಬುತ್ತಾರೆ. ಅದರಲ್ಲಿ ಸೀಸದ ಕಲಬೆರಕೆ ಸೇರಿದರೆ ವರ್ಷಗಳ ಮೇಲೆ ಲೋಹ ಒಳಗಿನಿಂದಲೇ ಉಬ್ಬಿ, ಬಿರುಕು ಬಿಟ್ಟು, ಪುಡಿಯಾಗುತ್ತದೆ. ಇದಕ್ಕೆ ಮದ್ದಿಲ್ಲ. ಎರಡನೇ ಮಹಾಯುದ್ಧಕ್ಕೂ ಹಿಂದಿನ ಆಟಿಕೆಗಳಲ್ಲಿ ಈ ರೋಗ ಹೆಚ್ಚು. ಕೂದಲೆಳೆಯಂಥ ಬಿರುಕು, ಬಾಗಿದ ತಳ ಕಂಡರೆ ಹಣ ಕೊಡಬೇಡಿ. ತೇವ ಇದನ್ನು ಬೇಗ ಬೆಳೆಸುತ್ತದೆ, ಆ ಮಟ್ಟಿಗೆ ಮಂಗಳೂರಿನ ಹವೆಗಿಂತ ನಮ್ಮ ಒಣ ಹವೆ ವಾಸಿ. ಬೀರುವಿನಲ್ಲಿ ಬಟ್ಟೆಗೆ ಹಾಕುವ ನುಸಿಗುಳಿಗೆಯನ್ನು ಟ್ಯಾಂಕ್‌ಗಳ ಹತ್ತಿರ ಬಿಡಲೇಬೇಡಿ, ಪ್ಲಾಸ್ಟಿಕ್ ಭಾಗಗಳು ಮೆತ್ತಗಾಗಿ ಕೆಡುತ್ತವೆ.

ದುಡ್ಡಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಆಮದು ಆಟಿಕೆಗಳ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಹೊರದೇಶದಿಂದ ತರಿಸುವವರು ಬೆಲೆಯ ಜೊತೆ ಇದನ್ನೂ ಕೂಡಿಸಿ ನೋಡಿ, ಆಮೇಲೆ ಕೈ ಹಾಕಿ. ತಿಂಗಳಿಗೊಂದು ಕೊಳ್ಳುವ ಬದಲು ವರ್ಷಕ್ಕೆ ಎರಡು ಒಳ್ಳೆಯದನ್ನು ಕೊಳ್ಳಿ.

ಕೊರಗು ಒಂದೇ. ಮದರಾಸಿನ ಆವಡಿಯಲ್ಲಿ 1965ರಿಂದ ತಯಾರಾದ, 105 ಮಿ.ಮೀ. ಬ್ಯಾರಲ್‌ನ ವಿಜಯಂತ ನಾವೇ ಕಟ್ಟಿದ ಮೊದಲ ಟ್ಯಾಂಕ್. ಎರಡು ಸಾವಿರಕ್ಕೂ ಹೆಚ್ಚು ತಯಾರಾಗಿ, ನಿವೃತ್ತಿಯಾಗಿ, ಊರೂರಿನ ವೃತ್ತಗಳಲ್ಲಿ ನಿಂತಿದೆ. ಅಂಗಡಿಯ ಗಾಜಿನ ಕಪಾಟಿನಲ್ಲಿ ಮಾತ್ರ ಅದು ಕಾಣಸಿಗದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ನಿಜವಾದ ಹೆಲಿಕಾಪ್ಟರನ್ನೇ ಜೋಡಿಸಬಲ್ಲ ಜಿಲ್ಲೆಗೆ 44 ಮಿಲಿಮೀಟರ್ ಅಗಲದ ಎರಕ ದೊಡ್ಡ ವಿಷಯವಲ್ಲ. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಅಚ್ಚು, ಎರಕದ ಕೆಲಸ ಬಲ್ಲವರು ಯಾರಾದರೂ ಇದನ್ನು ಓದುತ್ತಿದ್ದರೆ, 1/72ರಲ್ಲಿ ಒಂದು ವಿಜಯಂತ ಮಾಡಿ. ಕೊಳ್ಳುವವರು ದೇಶದ ತುಂಬ ಇದ್ದಾರೆ.

ಗುಬ್ಬಿಯ ಓದುಗರಿಗೆ ಇನ್ನೊಂದೇ ಮಾತು. ನಿಮ್ಮ ಸಂಬಂಧಿಕರ ಅಟ್ಟದಲ್ಲಿ ಹಳೆಯ ಡಿಂಕಿ ಸೆಂಚೂರಿಯನ್ ಸಿಕ್ಕರೆ, ಬಣ್ಣ ಎಷ್ಟೇ ಉದುರಿದ್ದರೂ, ದಯವಿಟ್ಟು ಹೊಸ ಬಣ್ಣ ಬಳಿಯಬೇಡಿ. ಮೆತ್ತನೆಯ ಕುಂಚದಿಂದ ದೂಳು ಒರೆಸಿ, ಒಡೆದ ರಬ್ಬರ್ ಚೈನು ಬದಲಿಸಿ, ಹಳೆಯ ಚೈನನ್ನೂ ಒಂದು ಪೊಟ್ಟಣದಲ್ಲಿ ಕಟ್ಟಿ ಜೊತೆಗೇ ಇಡಿ.