ರೋಮಿನ ಚರಿತ್ರೆಯೂ ಚಿತ್ರಪಟದ ಕಥೆಯೂ

ಇತಿಹಾಸದಿಂದ ವಸ್ತುವನ್ನು ತೆಗೆದುಕೊಂಡು ಕಾವ್ಯನಾಟಕಗಳನ್ನು ರಚಿಸುವವನಿಗೆ ಆ ಇತಿಹಾಸವನ್ನು ಮಾರ್ಪಡಿಸಲು ಅಧಿಕಾರವುಂಟೇ ಎಂಬ ಪ್ರಶ್ನೆಯು ಸಂಸ್ಕೃತದ ಆಲಂಕಾರಿಕರಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಆನಂದವರ್ಧನಾಚಾರ್ಯನು ‘ಧ್ವನ್ಯಾಲೋಕ’ದ ಮೂರನೆಯ ಉದ್ದ್ಯೋತದಲ್ಲಿ ಇದನ್ನು ಎತ್ತಿಕೊಂಡು, ಮೂಲಕಥೆಯಲ್ಲಿ ರಸಕ್ಕೆ ವಿರುದ್ಧವಾದ ಅಂಶವಿದ್ದರೆ ಕವಿಯು ಅದನ್ನು ಬಿಟ್ಟು ಉಚಿತವಾದ ಬೇರೊಂದನ್ನು ಕಲ್ಪಿಸಿಕೊಳ್ಳಬೇಕೆಂದು ಸ್ಪಷ್ಟವಾಗಿ ಹೇಳಿದ್ದಾನೆ. ನಡೆದುದನ್ನು ನಡೆದಂತೆ ತಿಳಿಸುವುದು ಇತಿಹಾಸದ ಕೆಲಸ. ಅಷ್ಟರಿಂದಲೇ ಕವಿಯ ಕೆಲಸವು ಮುಗಿಯುವುದಿಲ್ಲ. ಆದರೆ ಈ ಸ್ವಾತಂತ್ರ್ಯವು ನಿರಂಕುಶವಾದುದಲ್ಲ. ಬಿಟ್ಟುದಕ್ಕಿಂತ ಕಲ್ಪಿಸಿದುದು ರಸಕ್ಕೆ ಹೆಚ್ಚು ಪೋಷಕವಾಗಿರಬೇಕು. ರೋಮಿನ ಚರಿತ್ರೆಯನ್ನು ಆಧರಿಸಿ ರಿಡ್ಲಿ ಸ್ಕಾಟ್ ಎಂಬಾತನು ನಿರ್ದೇಶಿಸಿ, 2000ದಲ್ಲಿ ಪ್ರದರ್ಶನಕ್ಕೆ ಬಂದ ‘ಗ್ಲ್ಯಾಡಿಯೇಟರ್’ ಎಂಬ ಆಂಗ್ಲ ಚಲಚ್ಚಿತ್ರವನ್ನು ಈ ಒರೆಗಲ್ಲಿಗೆ ಉಜ್ಜಿ ನೋಡುವುದು ಯೋಗ್ಯವಾಗಿದೆ.

ಕಥೆಯು ಸಂಕ್ಷೇಪವಾಗಿ ಹೀಗಿದೆ. ಕ್ರಿ. ಶ. 180ರಲ್ಲಿ ಜರ್ಮಾನಿಯದ ಯುದ್ಧಭೂಮಿಯಲ್ಲಿ ವೃದ್ಧ ಚಕ್ರವರ್ತಿಯಾದ ಮಾರ್ಕಸ್ ಆರೀಲಿಯಸನು ತನ್ನ ಮಗನಾದ ಕೊಮೊಡಸನನ್ನು ಅನರ್ಹನೆಂದು ಬಗೆದು, ಮ್ಯಾಕ್ಸಿಮಸ್ ಎಂಬ ಸೇನಾಪತಿಯ ಮೂಲಕ ಅಧಿಕಾರವನ್ನು ಸೆನೇಟ್ ಸಭೆಗೆ ಹಿಂದಿರುಗಿಸಲು ನಿಶ್ಚಯಿಸುತ್ತಾನೆ. ಇದನ್ನು ಕೇಳಿದ ಮಗನು ತಂದೆಯನ್ನು ಆಲಿಂಗಿಸಿಕೊಂಡು, ಆ ಆಲಿಂಗನದಲ್ಲಿಯೇ ಉಸಿರುಗಟ್ಟಿಸಿ ಕೊಲ್ಲುತ್ತಾನೆ. ಸೇನಾಪತಿಯ ಮಡದಿಮಕ್ಕಳು ಹತರಾಗುತ್ತಾರೆ. ಅವನು ದಾಸನಾಗಿ ಮಾರಲ್ಪಟ್ಟು, ಜನರ ವಿನೋದಕ್ಕಾಗಿ ರಂಗದಲ್ಲಿ ಪ್ರಾಣಾಂತಿಕವಾಗಿ ಕಾದುವ ಮಲ್ಲನಾಗಿ, ಕಡೆಗೆ ರೋಮಿನ ಮಹಾರಂಗದಲ್ಲಿ ಕೊಮೊಡಸನನ್ನು ಕೊಂದು ತಾನೂ ಸಾಯುತ್ತಾನೆ. ಸಾಯುವ ಮುನ್ನ, ಮಾರ್ಕಸನ ಇಚ್ಛೆಯಂತೆ ಅಧಿಕಾರವು ಸೆನೇಟಿಗೆ ಸೇರಬೇಕೆಂದು ಆಜ್ಞಾಪಿಸುತ್ತಾನೆ.

ಚಿತ್ರದ ಗುಣಗಳನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಮ್ಯಾಕ್ಸಿಮಸನ ಪಾತ್ರದಲ್ಲಿ ರಸೆಲ್ ಕ್ರೋ ತೋರಿಸಿರುವ ಧೀರೋದಾತ್ತತೆಯೂ, ಮಾಗಿದ ಗೋಧಿಯ ತೆನೆಗಳನ್ನು ಸವರುತ್ತ ಹೋಗುವ ಕೈಯೊಂದರಿಂದಲೇ ಮನೆಯ ಹಂಬಲವನ್ನು ಸೂಚಿಸಿರುವ ರೀತಿಯೂ ಸಹೃದಯರನ್ನು ಮುಟ್ಟದೆ ಇರವು. ಮಾತಿಲ್ಲದೆ ತೋರಿದ ಆ ಕೈಯು ಧ್ವನಿಗೆ ಒಳ್ಳೆಯ ಉದಾಹರಣೆ. ಅಮೇರಿಕದ ಅಕಾಡೆಮಿಯು ಆ ವರ್ಷದ ಅತ್ಯುತ್ತಮ ಚಿತ್ರವೆಂಬುದೂ ಸೇರಿ ಐದು ಪ್ರಶಸ್ತಿಗಳನ್ನು ಇದಕ್ಕೆ ಕೊಟ್ಟುದು ಆಶ್ಚರ್ಯವಲ್ಲ. ಹೆಬ್ಬೆರಳನ್ನು ಕೆಳಗೆ ಮಾಡಿದರೆ ಸಾವು, ಮೇಲೆ ಮಾಡಿದರೆ ಬದುಕು ಎಂದು ತೋರಿಸಿರುವುದು ಫ್ರಾನ್ಸಿನ ಚಿತ್ರಕಾರನಾದ ಜೆರೋಮನ 1872ರ ವರ್ಣಚಿತ್ರದ ಪ್ರಭಾವವೇ ಹೊರತು ಪ್ರಾಚೀನ ಗ್ರಂಥಗಳಿಂದ ಸಿದ್ಧವಾದುದಲ್ಲ. ಇಂತಹ ತಪ್ಪುಗಳನ್ನು ಪಟ್ಟಿಮಾಡುವವರು ಬಹುಮಂದಿಯಿದ್ದಾರೆ. ಅದು ಕಾಗುಣಿತವನ್ನು ತಿದ್ದುವ ಕೆಲಸ. ಅದರಿಂದ ಕೃತಿಯ ಬೆಲೆಯು ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ವಿಚಾರಿಸಬೇಕಾದ ವ್ಯತ್ಯಾಸವು ಬೇರೆಯೇ ಇದೆ. ಅದು ತಂದೆಮಕ್ಕಳಿಗೆ ಸಂಬಂಧಿಸಿದುದು.

ಚರಿತ್ರೆಯಲ್ಲಿ ಮಾರ್ಕಸನು ಮಗನನ್ನು ತಿರಸ್ಕರಿಸಲಿಲ್ಲ. ತಾನಾಗಿಯೇ ಸಿಂಹಾಸನಕ್ಕೆ ಏರಿಸಿದನು. ಕೊಮೊಡಸನು ಹುಟ್ಟಿದುದು 161ರಲ್ಲಿ, ಅವಳಿಮಕ್ಕಳಲ್ಲೊಬ್ಬನಾಗಿ. ಜೊತೆಯ ಶಿಶುವು ಬಾಲ್ಯದಲ್ಲಿಯೇ ತೀರಿಕೊಂಡಿತು. ಮಾರ್ಕಸನಿಗೆ ಹುಟ್ಟಿದ ಅನೇಕ ಮಕ್ಕಳಲ್ಲಿ ತಂದೆಯ ಕಾಲಾನಂತರಕ್ಕೆ ಉಳಿದ ಗಂಡುಮಗನು ಇವನೊಬ್ಬನೇ. ಐದು ವರ್ಷದ ಬಾಲಕನಾಗಿರುವಾಗಲೇ, 166ರಲ್ಲಿ, ಅವನಿಗೆ ಸೀಸರ್ ಎಂಬ ಬಿರುದು ದೊರೆಯಿತು. 175ರಲ್ಲಿ ಚಕ್ರವರ್ತಿಯು ಸತ್ತನೆಂಬ ಸುಳ್ಳು ಸುದ್ದಿಯು ಹಬ್ಬಿ, ಪೂರ್ವದೇಶದ ಸೇನಾಪತಿಯಾದ ಅವಿಡಿಯಸ್ ಕ್ಯಾಸಿಯಸನು ತಾನೇ ಚಕ್ರವರ್ತಿಯೆಂದು ಘೋಷಿಸಿಕೊಂಡಾಗ, ಉತ್ತರಾಧಿಕಾರವು ಅನಿಶ್ಚಿತವಾಗಿದ್ದರೆ ಎಂತಹ ಅನರ್ಥವಾಗುವುದೆಂಬುದು ಮಾರ್ಕಸನಿಗೆ ಮನವರಿಕೆಯಾಗಿರಬೇಕು. 177ರಲ್ಲಿ ಅವನು ಮಗನನ್ನು ಸಮಾನಾಧಿಕಾರವುಳ್ಳ ಸಹಚಕ್ರವರ್ತಿಯನ್ನಾಗಿ ಮಾಡಿದನು. ಆದುದರಿಂದ 180ರ ಮಾರ್ಚ್ ತಿಂಗಳಲ್ಲಿ ತಂದೆಯು ಡಾನ್ಯೂಬ್ ಗಡಿಯ ದಂಡಯಾತ್ರೆಯಲ್ಲಿ ರೋಗದಿಂದ ಮಡಿದಾಗ ನಿರ್ಣಯಿಸಬೇಕಾದುದು ಏನೂ ಉಳಿದಿರಲಿಲ್ಲ. ಕೊಮೊಡಸನ ಮೆಚ್ಚಿಗೆಗಾಗಿ ವೈದ್ಯರು ರಾಜನನ್ನು ಕೊಂದರೆಂಬ ಮಾತನ್ನು ಆ ಕಾಲದ ಇತಿಹಾಸಕಾರನೂ ಸೆನೇಟಿನ ಸದಸ್ಯನೂ ಆದ ಕ್ಯಾಸಿಯಸ್ ಡಯೋ ಬರೆದಿಟ್ಟಿದ್ದಾನೆ. ಚಿತ್ರದ ಪಿತೃಹತ್ಯೆಗೆ ಇಷ್ಟು ಮಾತ್ರ ಪ್ರಾಚೀನವಾದ ಆಧಾರವುಂಟು. ಆದರೆ ಮಗನನ್ನು ತೊಲಗಿಸಿ ಸೆನೇಟಿಗೆ ರಾಜ್ಯವನ್ನೊಪ್ಪಿಸುವ ಸಂಕಲ್ಪಕ್ಕೆ ಆಧಾರವಿಲ್ಲ.

ಮಾರ್ಕಸನಿಗಿಂತ ಹಿಂದಿನ ನಾಲ್ವರು ಚಕ್ರವರ್ತಿಗಳು ಯೋಗ್ಯರನ್ನು ದತ್ತಕವಾಗಿ ಪಡೆದು ರಾಜ್ಯವನ್ನು ಕೊಟ್ಟರೆಂದೂ, ಇವನೊಬ್ಬನೇ ಆ ಸತ್ಸಂಪ್ರದಾಯವನ್ನು ಮುರಿದನೆಂದೂ ಹೇಳುವ ವಾಡಿಕೆಯಿದೆ. ಆದರೆ ಆ ನಾಲ್ವರಿಗೂ ಬದುಕುಳಿದ ಔರಸಪುತ್ರರಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮಗನಿದ್ದೂ ಅವನನ್ನು ಬಿಡುವ ಪರೀಕ್ಷೆಯು ಅವರಿಗೆ ಒದಗಲೇ ಇಲ್ಲ. ಮಗನನ್ನು ಬಿಟ್ಟು ಬೇರೊಬ್ಬನನ್ನು ಆರಿಸಿದ್ದರೆ, ಒಂದೋ ಆ ಮಗನನ್ನು ಕೊಲ್ಲಬೇಕಾಗುತ್ತಿತ್ತು, ಇಲ್ಲವೇ ಅವನ ಹೆಸರನ್ನು ಮುಂದಿಟ್ಟುಕೊಂಡು ಸೈನ್ಯಗಳು ಹೊಡೆದಾಡುವುದನ್ನು ಸಹಿಸಬೇಕಾಗುತ್ತಿತ್ತು. ಇದರ ಜೊತೆಗೆ ತಂದೆಯ ಹೃದಯವೂ ಇತ್ತು. ದಂಡಯಾತ್ರೆಯ ಬಿಡಾರಗಳಲ್ಲಿ ಕುಳಿತು ಗ್ರೀಕ್ ಭಾಷೆಯಲ್ಲಿ ಬರೆದುಕೊಂಡ ಆತ್ಮಚಿಂತನದ ಗ್ರಂಥದಲ್ಲಿ ಮಾರ್ಕಸನು ದೇವತೆಗಳ ಉಪಕಾರಗಳನ್ನು ಎಣಿಸುವಾಗ, ತನ್ನ ಮಕ್ಕಳು ಮಂದಬುದ್ಧಿಗಳಾಗಲಿ ಅಂಗವಿಕಲರಾಗಲಿ ಆಗಿ ಹುಟ್ಟಲಿಲ್ಲವೆಂಬುದನ್ನೂ ಸೇರಿಸಿದ್ದಾನೆ. ಕಾಮಕ್ರೋಧಗಳನ್ನು ದಿನದಿನವೂ ಶೋಧಿಸಿಕೊಂಡ ಆ ವಿವೇಕಿಯ ಕಣ್ಣಿಗೆ ಸ್ವಂತ ಮಗನು ಕಾಣಲಿಲ್ಲ. ಅಥವಾ ಕಂಡರೂ ಬೇರೆ ದಾರಿಯಿರಲಿಲ್ಲ. ಇವೆರಡರಲ್ಲಿ ಯಾವುದು ನಿಜವಾದರೂ ಕರುಣರಸಕ್ಕೆ ಇದಕ್ಕಿಂತ ಹಿರಿದಾದ ವಸ್ತುವು ದೊರೆಯುವುದು ಕಷ್ಟ.

ಚಿತ್ರವು ಈ ವಸ್ತುವನ್ನು ಕಾಣದೆ ಇಲ್ಲ. ಗುಡಾರದ ಆ ದೃಶ್ಯದಲ್ಲಿ ವೃದ್ಧನು ಮಗನ ಮುಂದೆ ಮಂಡಿಯೂರಿ, ಮಗನ ದೋಷಗಳಿಗೆ ತಂದೆಯ ಸೋಲೇ ಕಾರಣವೆಂದು ಒಪ್ಪಿಕೊಳ್ಳುತ್ತಾನೆ. ತಂದೆಯು ತನ್ನನ್ನು ಒಮ್ಮೆಯಾದರೂ ಎದೆಗೊತ್ತಿಕೊಂಡಿದ್ದರೆ ಎಂದು ಮಗನು ಅಳುತ್ತಾನೆ. ಇಡೀ ಚಿತ್ರದಲ್ಲಿ ಅತ್ಯಂತ ಸತ್ಯವಾದ ಗಳಿಗೆಯಿದು. ಆದರೆ ಮರುಕ್ಷಣದಲ್ಲಿಯೇ ನಡೆಯುವ ಕೊಲೆಯು ತಂದೆಯ ಲೆಕ್ಕವನ್ನೆಲ್ಲ ತೀರಿಸಿಬಿಡುತ್ತದೆ. ಅಲ್ಲಿಂದ ಮುಂದಕ್ಕೆ ಮಾರ್ಕಸನು ನಿಷ್ಕಳಂಕನಾದ ಹುತಾತ್ಮ, ಕೊಮೊಡಸನು ಕೇವಲ ಪಾಪಿ. ಪ್ರೇಕ್ಷಕನಿಗೆ ಉಳಿದುದು ಪಾಪಿಯ ವಧೆಯನ್ನು ಎದುರುನೋಡುವುದಷ್ಟೇ.

ಕಾಳಿದಾಸನೂ ಇಂತಹದೇ ಒಂದು ಮಾರ್ಪಾಟನ್ನು ಮಾಡಿದ್ದಾನಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಮಹಾಭಾರತದ ದುಷ್ಯಂತನು ಎಲ್ಲವನ್ನೂ ಬಲ್ಲವನಾಗಿಯೇ ಶಕುಂತಲೆಯನ್ನು ನಿರಾಕರಿಸುತ್ತಾನೆ. ನಾಟಕದಲ್ಲಿ ದೂರ್ವಾಸರ ಶಾಪವು ಬಂದು ರಾಜನು ಆ ದೋಷದಿಂದ ಪಾರಾಗುತ್ತಾನೆ. ಈ ಕಲ್ಪನೆಯನ್ನು ಕುಂತಕನು ತನ್ನ ‘ವಕ್ರೋಕ್ತಿಜೀವಿತ’ದಲ್ಲಿ ಕೊಂಡಾಡಿರುವುದು ಪ್ರಸಿದ್ಧವಾಗಿದೆ. ಹಾಗಾದರೆ ಕಾಳಿದಾಸನಿಗೆ ಸಲ್ಲುವ ಮಾನ್ಯತೆಯು ಚಿತ್ರಕಾರನಿಗೆ ಏಕೆ ಸಲ್ಲದು? ಉತ್ತರವು ಮುಂದೆ ನಡೆಯುವುದರಲ್ಲಿದೆ. ಶಾಪವು ದುಷ್ಯಂತನನ್ನು ಅಪರಾಧದಿಂದ ಬಿಡಿಸಿದರೂ ದುಃಖದಿಂದ ಬಿಡಿಸುವುದಿಲ್ಲ. ಉಂಗುರವು ದೊರೆತ ಮೇಲೆ ಆರನೆಯ ಅಂಕದಲ್ಲಿ ಅವನು ಅನುಭವಿಸುವ ಪಶ್ಚಾತ್ತಾಪವು ಮೂಲಕಥೆಯಲ್ಲಿ ಇಲ್ಲವೇ ಇಲ್ಲ. ಅದು ಶಾಪದಿಂದ ದೊರೆತ ಫಲ. ಕಾಳಿದಾಸನು ಒಂದನ್ನು ಕಳೆದು ಹತ್ತನ್ನು ಕೂಡಿಸಿದನು. ಚಿತ್ರಕಾರನಾದರೋ ತಂದೆಯನ್ನು ಅಪರಾಧದಿಂದ ಬಿಡಿಸುವಾಗ ಅವನ ದುಃಖವನ್ನೂ ಕಳೆದುಹಾಕಿದನು. ಸತ್ತವನಿಗೆ ಪಶ್ಚಾತ್ತಾಪವೆಲ್ಲಿಯದು?

ಉಪಸಂಹಾರದಲ್ಲಿಯೂ ಇದೇ ದೋಷವು ಕಾಣುತ್ತದೆ. ಚರಿತ್ರೆಯ ಕೊಮೊಡಸನು ಹನ್ನೆರಡು ವರ್ಷಗಳಿಗಿಂತ ಹೆಚ್ಚಾಗಿ ಆಳಿದನು. 182ರ ಒಳಸಂಚಿಗಾಗಿ ಅಕ್ಕ ಲೂಸಿಲ್ಲಳನ್ನು ಕಾಪ್ರಿ ದ್ವೀಪಕ್ಕೆ ಗಡೀಪಾರುಮಾಡಿ ಅಲ್ಲಿ ಕೊಲ್ಲಿಸಿದನು. ಅವನ ಆಪ್ತನಾದ ಕ್ಲಿಯಾಂಡರನು ಕಾನ್ಸಲ್ ಪದವಿಯನ್ನು ಒಂದೇ ವರ್ಷದಲ್ಲಿ 25 ಮಂದಿಗೆ ಹಂಚಿದನು. ಕೊಮೊಡಸನು ತಾನೇ ರಂಗಕ್ಕಿಳಿದು, ಕಡಿದ ಉಷ್ಟ್ರಪಕ್ಷಿಯ ತಲೆಯನ್ನು ಸೆನೇಟಿನ ಸದಸ್ಯರ ಕಡೆಗೆ ಎತ್ತಿ ಬೆದರಿಸಿದಾಗ, ಬಂದ ನಗುವನ್ನು ಅಡಗಿಸಲು ತನ್ನ ಕಿರೀಟಮಾಲೆಯ ಲಾರೆಲ್ ಎಲೆಗಳನ್ನು ಅಗಿದುದಾಗಿ ಪ್ರತ್ಯಕ್ಷದರ್ಶಿಯಾದ ಡಯೋ ಬರೆದಿದ್ದಾನೆ. ನಗುವೂ ಪ್ರಾಣಭಯವೂ ಒಂದೇ ಬಾಯಲ್ಲಿ ಸೇರಿದ ಆ ಚಿತ್ರಕ್ಕೆ ಸಮನಾದುದು ಚಲಚ್ಚಿತ್ರದಲ್ಲಿ ಒಂದೂ ಇಲ್ಲ. 192ರ ಡಿಸೆಂಬರ್ 31ರಂದು ಅವನ ಸ್ವಂತ ಪರಿವಾರದವರೇ ವಿಷವಿಕ್ಕಿ, ಅದು ಫಲಿಸದಿರಲು ನಾರ್ಸಿಸಸ್ ಎಂಬ ಜಟ್ಟಿಯಿಂದ ಕತ್ತು ಹಿಸುಕಿಸಿದರು. ಆಗ ಸೆನೇಟು ಪ್ರಜಾಪ್ರಭುತ್ವವನ್ನು ಸ್ಥಾಪಿಸಲಿಲ್ಲ. ಪರ್ಟಿನಾಕ್ಸ್ ಎಂಬ ಇನ್ನೊಬ್ಬ ಚಕ್ರವರ್ತಿಯನ್ನು ಒಪ್ಪಿಕೊಂಡಿತು. ಮೂರು ತಿಂಗಳೊಳಗಾಗಿ, 193ರ ಮಾರ್ಚ್ 28ರಂದು, ಅಂಗರಕ್ಷಕ ಸೈನಿಕರು ಅವನನ್ನೂ ಕೊಂದು ಸಿಂಹಾಸನವನ್ನು ಹರಾಜಿಗಿಟ್ಟರು. ತಲೆಗೆ 25,000 ಸೆಸ್ಟರ್ಸ್ ನಾಣ್ಯಗಳನ್ನು ಕೊಡುವೆನೆಂದ ಡಿಡಿಯಸ್ ಜೂಲಿಯಾನಸನು ಅದನ್ನು ಕೊಂಡನು.

ಈ ವಿಷಯದಲ್ಲಿ ಆಂಟನಿ ಮ್ಯಾನ್ ನಿರ್ದೇಶಿಸಿದ, 1964ರ ‘ದಿ ಫಾಲ್ ಆಫ್ ದಿ ರೋಮನ್ ಎಂಪೈರ್’ ಎಂಬ ಚಿತ್ರವು ಹೆಚ್ಚು ಪ್ರಾಮಾಣಿಕವಾದುದು. ಅದರಲ್ಲಿಯೂ ಮಾರ್ಕಸನು ವಿಷಪ್ರಯೋಗದಿಂದಲೇ ಸಾಯುತ್ತಾನೆ. ತಂದೆಯನ್ನು ನಿರ್ದೋಷಿಯನ್ನಾಗಿ ಮಾಡುವ ಚಪಲವು ಅಲ್ಲಿಯೂ ಇದೆ. ಆದರೆ ಅದು ಮುಗಿಯುವುದು ಸಿಂಹಾಸನದ ಹರಾಜಿನಲ್ಲಿ. ದುಷ್ಟನು ಸತ್ತ ಮಾತ್ರಕ್ಕೆ ರಾಜ್ಯವು ಶುದ್ಧವಾಗುವುದಿಲ್ಲವೆಂಬ ಮಾತನ್ನು ಆ ಚಿತ್ರವು ಧೈರ್ಯವಾಗಿ ಹೇಳಿತು. ಸ್ಕಾಟನು ತಾನೇ 2024ರಲ್ಲಿ ತೆಗೆದ ಎರಡನೆಯ ಭಾಗದಲ್ಲಿ ರೋಮನ್ನು ಪುನಃ ಚಕ್ರವರ್ತಿಗಳ ಕೈಯಲ್ಲಿಯೇ ತೋರಿಸಬೇಕಾಯಿತು. ಮೊದಲನೆಯ ಭಾಗವು ಕೊಟ್ಟ ಸಮಾಧಾನವು ಎಷ್ಟು ದುರ್ಬಲವಾದುದೆಂಬುದಕ್ಕೆ ಬೇರೆ ಸಾಕ್ಷಿಯು ಬೇಡ.

ಒಟ್ಟಿನಲ್ಲಿ ‘ಗ್ಲ್ಯಾಡಿಯೇಟರ್’ ಚಿತ್ರದ ದೋಷವು ಚರಿತ್ರೆಯನ್ನು ಮಾರ್ಪಡಿಸಿದುದರಲ್ಲಿಲ್ಲ. ಅದಕ್ಕಿಂತ ಕಿರಿದಾದುದನ್ನು ಅದರ ಸ್ಥಳದಲ್ಲಿ ಇಟ್ಟುದರಲ್ಲಿದೆ. ಕೊಲೆಗಾರನಾದ ಮಗನನ್ನು ಕಂಡ ತಂದೆತಾಯಿಗಳು, ತಮ್ಮ ಮನೆಯಲ್ಲಿ ಅಂತಹವನಿಲ್ಲವೆಂದು ನಿಶ್ಚಿಂತೆಯಿಂದ ಎದ್ದು ಹೋಗಬಹುದು. ಯಾವ ದ್ರೋಹವೂ ನಡೆಯದೆ, ಯಾವ ಕತ್ತಿಯೂ ಹಿರಿಯದೆ, ಒಬ್ಬ ಸತ್ಪುರುಷನು ಪ್ರೀತಿಯಿಂದಲೂ ಕರ್ತವ್ಯಬುದ್ಧಿಯಿಂದಲೂ ತನ್ನ ಜೀವಮಾನದ ಸಾಧನೆಯನ್ನು ಅಪಾತ್ರನ ಕೈಯಲ್ಲಿ ಇಟ್ಟು ಕಣ್ಣುಮುಚ್ಚಿದನೆಂಬ ನಿಜವಾದ ಕಥೆಯನ್ನು ಕಂಡವರಾದರೋ ಹಾಗೆ ಎದ್ದು ಹೋಗಲಾರರು. ವಿದ್ಯೆಯನ್ನು ಕಲಿಸಬಹುದು, ಐಶ್ವರ್ಯವನ್ನು ಬಿಟ್ಟುಹೋಗಬಹುದು. ಶೀಲವನ್ನು ಮಾತ್ರ ಉಯಿಲು ಬರೆದು ಕೊಡುವಂತಿಲ್ಲ. ಆ ಕಥೆಯನ್ನು ಚಿತ್ರಿಸುವ ಕಲಾವಿದನಿಗಾಗಿ ರೋಮಿನ ಚರಿತ್ರೆಯು ಇನ್ನೂ ಕಾಯುತ್ತಿದೆ.