ಹಂದಿ ಬೇಟೆಯ ಖರ್ಚು ಯಾರ ಲೆಕ್ಕಕ್ಕೆ?

ನಾನು ವೃತ್ತಿಯಿಂದ ಬ್ಯಾಂಕಿನ ಗುಮಾಸ್ತ. ಓದಿದ್ದು ಬಿ.ಎ. ವಿಮರ್ಶೆ ಬರೆಯುವ ಅಧಿಕಾರ ನನಗಿದೆ ಎಂದು ಹೇಳಿಕೊಳ್ಳಲಾರೆ. ಆದರೆ ದಿನವಿಡೀ ಜಮಾ-ಖರ್ಚಿನ ನಡುವೆ ಕುಳಿತವನಿಗೆ ಪುಸ್ತಕ ಓದುವಾಗಲೂ ಒಂದು ಅಭ್ಯಾಸ ಬಿಡುವುದಿಲ್ಲ. ಇಲ್ಲಿ ನಡೆದದ್ದರ ಖರ್ಚನ್ನು ಯಾರ ಹೆಸರಿಗೆ ಬರೆದಿದ್ದಾರೆ ಎಂದು ಕಣ್ಣು ತಾನಾಗಿ ಹುಡುಕುತ್ತದೆ. ನಮ್ಮ ಬೇಟೆಯ ಸಾಹಿತ್ಯವನ್ನು ಆ ಕಣ್ಣಿನಿಂದ ಮತ್ತೊಮ್ಮೆ ನೋಡಬೇಕಾದ ಸಂದರ್ಭ ಕಳೆದ ವರ್ಷ ಬಂತು.

ಮಳೆಗಾಲ ಮುಗಿಯುತ್ತಿದ್ದ ಹಾಗೆ ಊರಿನ ಮನೆಗೆ ಹೋಗಿದ್ದೆ. ಮುಳ್ಳೇರಿಯದಿಂದ ಒಳಗೆ, ಕಾಡಿನ ಅಂಚಿನಲ್ಲಿ ನಮ್ಮ ಹಿರಿಯರ ಜಾಗ. ಅಣ್ಣ ಹಾಕಿದ್ದ ಮರಗೆಣಸು ಒಂದೇ ರಾತ್ರಿಯಲ್ಲಿ ಮಗುಚಿ ಬಿದ್ದಿತ್ತು. ಹಂದಿಗಳು ಗೆಡ್ಡೆ ತಿಂದದ್ದಕ್ಕಿಂತ ಕಿತ್ತು ಎಸೆದದ್ದೇ ಹೆಚ್ಚು. ಎಳೆಯ ಬಾಳೆಗಳ ಬುಡವೂ ಉಳಿದಿರಲಿಲ್ಲ. ಅಣ್ಣ ನನ್ನನ್ನು ನೋಡಿ ಕೇಳಿದ:

"ನೀನು ಅಷ್ಟೆಲ್ಲ ಪುಸ್ತಕ ಓದುತ್ತೀಯಲ್ಲ ಮಾರಾಯ. ಕೋವಿ ಇಲ್ಲದವ, ಕೈಯಲ್ಲಿ ದುಡ್ಡಿಲ್ಲದವ ಹಂದಿ ಬೇಟೆ ಸುರು ಮಾಡುವುದು ಹೇಗೆ ಅಂತ ಯಾರಾದರೂ ಬರೆದಿದ್ದಾರಾ?"

ಅವನು ತಮಾಷೆಗೆ ಕೇಳಿದ್ದಲ್ಲ. ಹೇಳುವಾಗ ಅವನ ನೋಟ ಪಂಪಿನ ಕೊಟ್ಟಿಗೆಯ ಕಡೆಗಿತ್ತು. ಅಲ್ಲಿಂದ ಒಂದು ತಂತಿ ಎಳೆದರೆ ಎಷ್ಟು ದೂರಕ್ಕೆ ಬರುತ್ತದೆ ಎಂದು ಅವನು ಆಗಲೇ ಲೆಕ್ಕ ಹಾಕಿದ್ದ. ನಾನು ಏನೂ ಹೇಳದೆ ಮನೆಗೆ ಬಂದು ಕಪಾಟಿನ ಪುಸ್ತಕಗಳನ್ನು ಇಳಿಸಿದೆ. ಈ ಬರಹ ಆ ಪ್ರಶ್ನೆಗೆ ಸಿಕ್ಕಿದ ಮತ್ತು ಸಿಗದ ಉತ್ತರಗಳ ಒಂದು ಪಟ್ಟಿ.

ಕನ್ನಡದಲ್ಲಿ ಹಂದಿ ಬೇಟೆಯ ಬರವಣಿಗೆ ಬಹಳ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಹತ್ತನೆಯ ಶತಮಾನದ್ದು. 949ರ ತಕ್ಕೋಲ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರ ತನ್ನ ಒಡೆಯನಿಂದ ಕಾಳಿ ಎಂಬ ಬೇಟೆನಾಯಿಯನ್ನು ಪಡೆದ. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಹೋರಾಡಿ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಈಗ ಆ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಈ ಶಾಸನವನ್ನು ಚರಿತ್ರೆಯವರು ರಾಷ್ಟ್ರಕೂಟ-ಗಂಗರ ಸಂಬಂಧಕ್ಕಾಗಿ ಓದುತ್ತಾರೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಬೇಟೆಯಲ್ಲಿ ಜೀವ ತೆತ್ತವರು ಯಾರು ಎಂಬುದು ಇಲ್ಲಿ ಹೆಸರು ಹಿಡಿದು ದಾಖಲಾಗಿದೆ. ಖರ್ಚು ಬರೆದಿದೆ, ಪರಿಹಾರವೂ ಬರೆದಿದೆ. ಇಷ್ಟು ಪ್ರಾಮಾಣಿಕವಾದ ಬೇಟೆಯ ಲೆಕ್ಕ ನಮ್ಮ ಭಾಷೆಯಲ್ಲಿ ಆಮೇಲೆ ಅಪರೂಪವಾಯಿತು.

ಎರಡನೆಯದು ಕಿರಾತಾರ್ಜುನರ ಕತೆ. ಇದು ಕನ್ನಡಿಗರಿಗೂ ಮಲಯಾಳಿಗಳಿಗೂ ಸಮಾನ ಆಸ್ತಿ. ಪಂಪನಲ್ಲಿ ಇದೆ, ಕುಮಾರವ್ಯಾಸನಲ್ಲಿ ಇದೆ, ನಮ್ಮ ಯಕ್ಷಗಾನದಲ್ಲಿ ಇದೆ. ಕಥಕಳಿಯಲ್ಲಿ 'ಕಿರಾತಂ' ಇದೆ, ಕುಂಜನ್ ನಂಬಿಯಾರರ ತುಳ್ಳಲಿನಲ್ಲಿಯೂ ಇದೆ. ವೇಟ್ಟಕ್ಕೊರುಮಗನ್ ದೈವ ಇದೇ ಬೇಡರೂಪದ ಶಿವ-ಪಾರ್ವತಿಯರ ಮಗ ಎಂದು ಕೇರಳದ ನಂಬಿಕೆ. ಮೂಕಾಸುರ ಹಂದಿಯಾಗಿ ಬರುತ್ತಾನೆ, ಎರಡು ಬಾಣಗಳು ಒಟ್ಟಿಗೆ ತಾಗುತ್ತವೆ, ಹಂದಿ ಯಾರದೆಂಬ ಜಗಳ ಆರಂಭವಾಗುತ್ತದೆ. ಬೇಟೆಗೆ ಹೋದವರಿಗೆಲ್ಲ ಈ ಜಗಳ ಗೊತ್ತು. ಮೊದಲ ಈಡು ಯಾರದು, ತಲೆ ಯಾರಿಗೆ, ತೊಡೆ ಯಾರಿಗೆ ಎಂಬ ತಕರಾರು ಪ್ರತಿ ಬೇಟೆಯ ಕೊನೆಗೂ ಇದೆ. ಅರ್ಜುನ ಕ್ಷತ್ರಿಯ, ಎದುರಿನವನು ಕಾಡಿನ ಬೇಡ. ಬೇಡನಿಗೆ ಈ ಹಂದಿಯ ಮೇಲೆ ಹಕ್ಕಿದೆಯೇ ಎಂಬುದೇ ಪ್ರಶ್ನೆ. ಕತೆ ಇದನ್ನು ಧೈರ್ಯವಾಗಿ ಎತ್ತುತ್ತದೆ, ಆದರೆ ಬೇಡನು ಶಿವನೆಂದು ತಿಳಿದ ಕೂಡಲೇ ಪ್ರಶ್ನೆ ಮುಗಿದುಹೋಗುತ್ತದೆ. ಅವನು ನಿಜವಾಗಿಯೂ ಬಡ ಬೇಡನೇ ಆಗಿದ್ದರೆ ತೀರ್ಪು ಏನಾಗುತ್ತಿತ್ತು? ಇಷ್ಟು ಶತಮಾನಗಳಲ್ಲಿ ಎರಡೂ ಭಾಷೆಯ ಕವಿಗಳು ಇದಕ್ಕೆ ಉತ್ತರ ಕೊಡಲಿಲ್ಲ.

ಹೊಸಗನ್ನಡಕ್ಕೆ ಬಂದರೆ ಕುವೆಂಪು ಅವರನ್ನು ಬಿಟ್ಟು ಬೇಟೆಯ ಮಾತಾಡುವಂತಿಲ್ಲ. 'ಮಲೆನಾಡಿನ ಚಿತ್ರಗಳು' (1933), 'ಕಾನೂರು ಹೆಗ್ಗಡಿತಿ' (1936), 'ಮಲೆಗಳಲ್ಲಿ ಮದುಮಗಳು' (1967) ಈ ಮೂರನ್ನೂ ಓದಿದವನಿಗೆ ಕಾಡಿನ ವಾಸನೆ ಮೂಗಿಗೆ ಹತ್ತುತ್ತದೆ. ಹಳು, ಸೋವು, ಬಿಲ್ಲು, ಈಡು, ಒಂಟಿಗ ಮುಂತಾದ ಮಾತುಗಳ ಬಳಕೆಯನ್ನು ನಾನು ಕಲಿತದ್ದು ಅಲ್ಲಿಂದಲೇ. ಸೋವಿನ ಬೇಟೆ ಹೇಗೆಂದು ಇಂದಿನ ಮಕ್ಕಳಿಗೆ ಹೇಳಬೇಕಾದೀತು. ಕೋವಿ ಇದ್ದವರು ಹಂದಿ ಹಾಯುವ ಕಂಡಿಗಳಲ್ಲಿ ಸದ್ದಿಲ್ಲದೆ ನಿಲ್ಲುತ್ತಾರೆ. ಕೋವಿ ಇಲ್ಲದವರು ಇನ್ನೊಂದು ಕಡೆಯಿಂದ ಕೂಗುತ್ತ, ಪೊದೆಗಳನ್ನು ಬಡಿಯುತ್ತ, ನಾಯಿಗಳ ಜತೆಗೆ ಕಾಡಿನೊಳಗೆ ನುಗ್ಗುತ್ತಾರೆ. ಹಂದಿಯ ಎದುರಿಗೆ ಮೊದಲು ಸಿಗುವವನು ಸೋವಿನವನು. ಕತೆಯಲ್ಲಿ ಹೆಸರು ಉಳಿಯುವುದು ಈಡುಗಾರನದು.

ಕುವೆಂಪು ಇದನ್ನು ಕಾಣದವರಲ್ಲ. 'ಮದುಮಗಳು' ಕಾದಂಬರಿಯ ಗುತ್ತಿಯ ಬಳಿ ಕೋವಿಯಿಲ್ಲ, ಹುಲಿಯನೆಂಬ ನಾಯಿಯಿದೆ. ಆ ನಾಯಿಯಿಂದಲೇ ಅವನು ನಾಯಿಗುತ್ತಿ. ಜೀತದವನಿಗೆ ನಾಯಿಯೇ ಆಸ್ತಿ, ನಾಯಿಯೇ ಮಾನ. ಆ ಹುಲಿಯ ತುಂಗೆಯ ನೆರೆಗೆ ಸಿಕ್ಕಿ ಹೋದಾಗ ಓದುಗನ ಕರುಳು ಹಿಂಡುವುದು ಸುಮ್ಮನೆ ಅಲ್ಲ. ಆತಕೂರಿನ ಕಾಳಿಯ ನಂತರ ಕನ್ನಡದಲ್ಲಿ ಒಂದು ನಾಯಿಗೆ ನಿಂತ ದೊಡ್ಡ ಕಲ್ಲು ಅದು. ಆದರೂ ಗುತ್ತಿಯಂಥವನು ತನ್ನ ಗದ್ದೆಗೆ ಬಂದ ಹಂದಿಯನ್ನು ತಾನಾಗಿ ಬೇಟೆಯಾಡಲು ಹೊರಟರೆ ಏನಾಗುತ್ತದೆ ಎಂಬ ಕತೆ ಅಲ್ಲಿಯೂ ಇಲ್ಲ. ಅವನಿಗೆ ಗದ್ದೆಯೇ ಇರಲಿಲ್ಲವಲ್ಲ ಎಂದು ಯಾರಾದರೂ ಹೇಳಬಹುದು. ಸರಿ. ಆದರೆ ಭೂಸುಧಾರಣೆಯ ನಂತರ ಗದ್ದೆ ಬಂತು, ಹಂದಿಯೂ ಬಂತು, ಕತೆ ಮಾತ್ರ ಬರಲಿಲ್ಲ.

ನಮ್ಮ ಸೀಮೆಗೆ ಹತ್ತಿರದ ಪುಸ್ತಕ ಕೆದಂಬಾಡಿ ಜತ್ತಪ್ಪ ರೈಗಳ 'ಬೇಟೆಯ ನೆನಪುಗಳು'. ಅದರ ಭಾಷೆ ನಮ್ಮ ಮನೆಯ ಜಗಲಿಯದು, ಓದುತ್ತ ಹೋದ ಹಾಗೆ ಅಜ್ಜಂದಿರು ಎದ್ದು ಬಂದು ಪಕ್ಕದಲ್ಲಿ ಕುಳಿತಂತಾಗುತ್ತದೆ. ತೇಜಸ್ವಿಯವರು ಕೆನೆತ್ ಆಂಡರ್ಸನ್ನನನ್ನು ಕನ್ನಡಕ್ಕೆ ತಂದು ಒಂದು ತಲೆಮಾರಿಗೆ ಕಾಡಿನ ಹುಚ್ಚು ಹಿಡಿಸಿದರು. ಆಂಡರ್ಸನ್ನನ ಕತೆಗಳಲ್ಲಿ ಬೈರನೆಂಬ ಪೂಜಾರಿ ಇದ್ದಾನೆ. ಹಳೆಯ ಕೋವಿ ಹಿಡಿದು ಕದ್ದು ಬೇಟೆಯಾಡುವ ಬಡವ, ಕಾಡಿನ ಜ್ಞಾನದಲ್ಲಿ ದೊರೆಗೇ ಗುರು. ಅಣ್ಣನ ಪ್ರಶ್ನೆಗೆ ಉತ್ತರ ಗೊತ್ತಿದ್ದವನು ಬಹುಶಃ ಅವನೊಬ್ಬನೇ. ಆದರೆ ಕತೆ ಹೇಳುವವನು ಬೈರನಲ್ಲ. ಈ ಎಲ್ಲ ಪುಸ್ತಕಗಳನ್ನು ನಾನು ಪ್ರೀತಿಯಿಂದ ಓದಿದವನು, ಇನ್ನೂ ಓದುವವನು. ನನ್ನ ತಕರಾರು ಒಂದೇ: ಹೇಳುವವನ ಕೈಯಲ್ಲಿ ಯಾವಾಗಲೂ ಕೋವಿ ಇರುತ್ತದೆ. ಕೋವಿ ಹೇಗೆ ಬಂತು, ತೋಟೆಗೆ ಹಣ ಎಲ್ಲಿಂದ, ಸೋವಿಗೆ ಹೋದವನ ಆ ದಿನದ ಕೂಲಿ ಏನಾಯಿತು ಎಂಬುದು ಪುಟದ ಹೊರಗೆ ಉಳಿಯುತ್ತದೆ.

ನಮ್ಮ ಅಪ್ಪ ಸೋವಿಗೆ ಹೋಗುತ್ತಿದ್ದವರು. ಧಣಿಗಳ ಬೇಟೆಯಲ್ಲಿ ಒಮ್ಮೆ ಹಂದಿಯ ಕೋರೆ ತಾಗಿ ಬಲದ ತೊಡೆ ಸೀಳಿತ್ತು. ಆ ವರ್ಷದ ಕೊಯ್ಲಿಗೆ ಅವರು ಗದ್ದೆಗೆ ಇಳಿಯಲಿಲ್ಲ. "ಕೋವಿಗೆ ಒಂದು ಪಾಲು, ನಾಯಿಗೆ ಒಂದು ಪಾಲು, ಆಳಿಗೆ ಒಂದು ಪಾಲು. ನನಗೆ ಗಾಯದ ಪಾಲು ಬೇರೆ ಕೊಟ್ಟರು" ಎಂದು ನಗುತ್ತ ಹೇಳುತ್ತಿದ್ದರು. ಚಿಕ್ಕವನಿದ್ದಾಗ ಅದು ನನಗೆ ವೀರಕತೆಯಾಗಿತ್ತು. ಈಗ ಖರ್ಚಿನ ಚೀಟಿಯ ಹಾಗೆ ಕೇಳಿಸುತ್ತದೆ.

ಇವತ್ತು ಕಡಿಮೆ ಖರ್ಚಿನಲ್ಲಿ ಹಂದಿಯ ಮೇಲೆ ಹೊರಟವನ ಮುಂದೆ ಏನಿದೆ? ಕೋವಿಗೆ ಪರವಾನಗಿ ಬೇಕು, ಅದಕ್ಕೆ ಕಚೇರಿಗಳಿಗೆ ಅಲೆಯಬೇಕು. ಸಿಕ್ಕಿದರೂ ಚುನಾವಣೆ ಬಂದಾಗ ಅದು ಠಾಣೆಗೆ ಹೋಗಬೇಕಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ತನ್ನಿಷ್ಟಕ್ಕೆ ಹಂದಿ ಹೊಡೆಯುವುದು ಅಪರಾಧ. ದುಡ್ಡಿಲ್ಲದವನ ಕೈಗೆ ಸುಲಭವಾಗಿ ಸಿಗುವುದು ಮೂರು: ಉರುಳು, ಸಿಡಿಮದ್ದು ಇಟ್ಟ ತಿನಿಸು, ಕರೆಂಟಿನ ತಂತಿ. ಮೂರೂ ಅಗ್ಗ. ಮೂರಕ್ಕೂ ಹಂದಿ ಯಾವುದು, ಬೇರೆ ಪ್ರಾಣಿ ಯಾವುದು, ನೆರೆಮನೆಯ ಹುಡುಗ ಯಾರು ಎಂದು ಗೊತ್ತಾಗುವುದಿಲ್ಲ. 2020ರ ಮೇ ತಿಂಗಳಲ್ಲಿ ಪಾಲಕ್ಕಾಡು ಜಿಲ್ಲೆಯಲ್ಲಿ ಬಸುರಿ ಆನೆಯೊಂದು ಸಿಡಿಮದ್ದು ತುಂಬಿದ ತಿನಿಸು ಕಚ್ಚಿ, ಬಾಯಿ ಒಡೆದು, ನದಿಯ ನೀರಿನಲ್ಲಿ ನಿಂತೇ ಸತ್ತಿತು. ದೇಶವೆಲ್ಲ ಅತ್ತಿತು. ಅಗ್ಗದ ಬೇಟೆಯ ನಿಜವಾದ ಬೆಲೆ ಅದು. ಆದರೆ ಅಂಥ ಮದ್ದು ಕಟ್ಟುವವನ ಮನಸ್ಸಿನೊಳಗೆ ಆ ರಾತ್ರಿ ಏನಿರುತ್ತದೆ, ಮುಂಜಾನೆ ತಂತಿಯ ಬಳಿ ಹೋಗಿ ನೋಡುವವನ ಕಾಲು ಹೇಗೆ ನಡುಗುತ್ತದೆ ಎಂದು ಬರೆದ ಒಂದು ಕನ್ನಡ ಕತೆ ನನ್ನ ಕಪಾಟಿನಲ್ಲಿ ಸಿಗಲಿಲ್ಲ. ಪತ್ರಿಕೆಯಲ್ಲಿ ಅವನು ಆರೋಪಿ, ಭಾಷಣದಲ್ಲಿ ಸಂತ್ರಸ್ತ ಕೃಷಿಕ. ಮನುಷ್ಯನಾಗಿ ಅವನನ್ನು ನೋಡಬೇಕಾದ ಸಾಹಿತ್ಯ ಅವನನ್ನು ಕಂಡೇ ಇಲ್ಲ.

ಹಾಗಾದರೆ ಎಲ್ಲಿಯೂ ಇಲ್ಲವೇ? ಇದೆ, ಪುಸ್ತಕದ ಹೊರಗೆ. ಪಂಜುರ್ಲಿಯ ಪಾಡ್ದನವನ್ನು ನೆನೆಯಿರಿ. ಕೈಲಾಸದಲ್ಲಿ ಮುದ್ದಿನಿಂದ ಬೆಳೆದ ಹಂದಿಮರಿ ದೇವರ ತೋಟವನ್ನೇ ಹಾಳುಮಾಡುತ್ತದೆ. ಅದರ ಮೇಲೆ ಶಾಪ ಬೀಳುತ್ತದೆ, ಭೂಮಿಗೆ ಇಳಿದು ಬೆಳೆ ಕಾಯುವ ದೈವವಾಗುತ್ತದೆ. ತೋಟ ಹಾಳಾದ ಸಂಕಟದಿಂದ ಹುಟ್ಟಿದ ಕತೆ ಇದು, ಕೋವಿಯ ಹೆಮ್ಮೆಯಿಂದ ಹುಟ್ಟಿದ್ದಲ್ಲ. ಇದನ್ನು ಹೇಳುತ್ತ ಬಂದವರು ನೇಜಿ ನೆಡುವ ಹೆಂಗಸರು, ಕೋಲ ಕಟ್ಟುವ ಜನ. ಹಂದಿಯನ್ನು ದ್ವೇಷಿಸಲೂ ಬೇಕು, ಅದಕ್ಕೆ ಕೈಮುಗಿಯಲೂ ಬೇಕು ಎಂಬ ಇಕ್ಕಟ್ಟು ಅವರಿಗೆ ಗೊತ್ತಿತ್ತು. ನಮ್ಮ ಜಿಲ್ಲೆಯ ದಕ್ಷಿಣ ಭಾಗದಲ್ಲಿ ವಯನಾಟ್ಟು ಕುಲವನ್ ತೆಯ್ಯಂಕೆಟ್ಟಿನ 'ಬಪ್ಪಿಡಲ್' ಕ್ರಮವೂ ಇಂಥದೇ. ಬೇಟೆ ಅಲ್ಲಿ ಒಬ್ಬನ ಶೌರ್ಯವಲ್ಲ, ಕೂಡಿದ ಊರಿನ ಪಾಲು. ಕಾಯ್ದೆ ಬಂದ ಮೇಲೆ ಆ ಹೆಸರಿನಲ್ಲಿ ಪ್ರಾಣಿ ಕೊಲ್ಲುವುದಕ್ಕೆ ಅವಕಾಶವಿಲ್ಲ, ಇರಲೂಬಾರದು. ಆದರೆ ಖರ್ಚನ್ನೂ ಪಾಲನ್ನೂ ಊರೇ ಹಂಚಿಕೊಳ್ಳುವ ಆ ತಿಳುವಳಿಕೆ ನಮ್ಮ ಕಾದಂಬರಿಗಳಿಗಿಂತ ಒಂದು ಹೆಜ್ಜೆ ಮುಂದೆ ಇತ್ತು ಎಂದು ನನ್ನ ಅಭಿಪ್ರಾಯ.

ಈಗ ಅಣ್ಣನ ವಿಷಯ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಬೆಳೆಗೆ ಬರುವ ಹಂದಿಗಳನ್ನು ಕೊಲ್ಲಿಸುವ ಆದೇಶ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿತು. ಹೊಡೆಯುವವರಿಗೆ ಪರವಾನಗಿಯ ಕೋವಿ ಇರಬೇಕು. ವಿಷ, ಸಿಡಿಮದ್ದು, ಕರೆಂಟು ಕೂಡದು. ಸತ್ತ ಹಂದಿಯನ್ನು ತಿನ್ನುವಂತಿಲ್ಲ, ವಿಲೇವಾರಿ ಮಾಡಬೇಕು. ತಂತಿ ಎಳೆಯಬೇಡ ಎಂದು ಅಣ್ಣನ ಕೈಹಿಡಿದು ಹೇಳಿ, ನಾನೇ ಕುಳಿತು ಅರ್ಜಿ ಬರೆದೆ. ಮಲಯಾಳದಲ್ಲಿಯೇ ಬರೆದೆ, ಬೇಗ ಆಗಲಿ ಎಂದು. 'ಕಾಟ್ಟುಪನ್ನಿ' ಎಂದು ಬರೆಯುವಾಗ ಅಪ್ಪನ ಬಾಯಿಯ ಒಂಟಿಗ, ಸೋವು, ಕಂಡಿ ಯಾವುದಕ್ಕೂ ಆ ಕಾಗದದಲ್ಲಿ ಜಾಗವಿಲ್ಲ ಎಂದು ಅರಿವಾಯಿತು. ಮಲಯಾಳದ ತಪ್ಪಲ್ಲ ಅದು. ಮಲಯಾಳಿ ಬಡವನ ಬೇಟೆಯ ಮಾತುಗಳಿಗೂ ಆ ಕಾಗದದಲ್ಲಿ ಜಾಗವಿಲ್ಲ.

ಆದೇಶ ಬಂತು. ಮೊದಲ ರಾತ್ರಿ ಕೋವಿಯವರು ಬಂದರು, ಹಂದಿ ಬರಲಿಲ್ಲ. ಅವರ ಜೀಪಿನ ಎಣ್ಣೆ, ಊಟ, ಚಹಾ ಅಣ್ಣನದು. ಮೂರನೆಯ ಸಲ ಒಂದು ಬಿತ್ತು. ಬೆಳಗ್ಗೆ ನಾನು ತಲುಪುವಾಗ ಅಣ್ಣ ಹಾರೆ ಹಿಡಿದು ಗುಂಡಿ ತೋಡುತ್ತಿದ್ದ.

"ಅಪ್ಪನಿಗೆ ಗಾಯದ ಪಾಲಾದರೂ ಸಿಕ್ಕಿತ್ತು" ಎಂದ. "ನನಗೆ ಗುಂಡಿಯ ಪಾಲು."

ಪಂಪಿನ ಕೊಟ್ಟಿಗೆಯ ತಂತಿ ಸುತ್ತಿಟ್ಟಲ್ಲಿಯೇ ಇತ್ತು. ಅಷ್ಟರಮಟ್ಟಿಗೆ ನನಗೆ ಸಮಾಧಾನ. ಆದರೆ ಅವನ ಮೊದಲಿನ ಪ್ರಶ್ನೆ ಹಾಗೆಯೇ ಉಳಿದಿದೆ. ಈ ವಾರ್ಷಿಕವನ್ನು ಓದುವ ಮನೆಗಳಲ್ಲಿ ಸೋವಿಗೆ ಹೋದ ಅಜ್ಜಂದಿರು ಇನ್ನೂ ಕೆಲವರು ಬದುಕಿದ್ದಾರೆ. ಅವರ ಎದುರು ಕುಳಿತು ಕನ್ನಡವೋ ತುಳುವೋ ಮಲಯಾಳವೋ, ಅವರು ಹೇಳಿದ ಮಾತಿನಲ್ಲಿಯೇ ಬರೆದಿಡಿ. ಈಡಿನ ಕತೆ ಕೇಳಿದ ಮೇಲೆ, ಆ ದಿನ ಮನೆಯಲ್ಲಿ ಗಂಜಿಗೆ ಅಕ್ಕಿ ಇತ್ತೇ ಎಂದೂ ಕೇಳಿ.