ಉಗುರಿನಷ್ಟು ಚಿತ್ರ, ಊರಿನಷ್ಟು ನೆನಪು

ಕಳೆದ ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು ಒಂದು ವಾರವಾಗಿತ್ತು. ಸಾಲ್ಮಿಯಾದಲ್ಲಿ ಮಗನ ಮನೆಯಲ್ಲಿರುವ ಹಿರಿಯರೊಬ್ಬರು ಸಂಜೆ ನಮ್ಮಲ್ಲಿಗೆ ಬಂದರು. ಅವರನ್ನು ಇಲ್ಲಿ ರಾಯರೆಂದು ಕರೆಯೋಣ. ಕಾಫಿ ಕುಡಿದು ಲೋಟ ಕೆಳಗಿಟ್ಟವರೇ, "ಡಾಕ್ಟ್ರೇ, ಕಣ್ಣು ಮತ್ತೆ ಕೈ ಕೊಟ್ಟಿತು ಅಂತ ಕಾಣ್ತದೆ. ಎರಡಕ್ಕೂ ಪೊರೆ ತೆಗೆಸಿ ಮೂರು ವರ್ಷ ಆಗ್ಲಿಲ್ಲ, ಮೊಬೈಲಿನಲ್ಲಿ ಫೋಟೋ ಕಾಣೋದಿಲ್ಲ" ಎಂದರು.

ನಾವು ಕಣ್ಣಿನ ವೈದ್ಯರಲ್ಲ. ಆದರೆ ಪರದೇಶದಲ್ಲಿ ಪರಿಚಯದ ಡಾಕ್ಟರ ಮನೆ ಎಂದರೆ ಎಲ್ಲ ಕಾಯಿಲೆಗೂ ತೆರೆದ ಬಾಗಿಲು. ಪಕ್ಕದಲ್ಲಿದ್ದ ನಮ್ಮ ಸಂಘದ ಈ ಪತ್ರಿಕೆಯನ್ನೇ ಕೊಟ್ಟು "ಓದಿ ರಾಯರೇ" ಎಂದೆವು. ಮಸುಕಾದ ಸಾಲುಗಳನ್ನೂ ಬಿಡದೆ ಸರಾಗವಾಗಿ ಓದಿದರು. ನಮ್ಮ ಝೆರಾಕ್ಸ್ ಪತ್ರಿಕೆಯನ್ನು ಓದಬಲ್ಲ ಕಣ್ಣಿಗೆ ಬೇರೆ ಪರೀಕ್ಷೆ ಏಕೆ ಬೇಕು! ಆಮೇಲೆ ಅವರು ಮೊಬೈಲು ತೆಗೆದು ತೋರಿಸಿದರು. ಯಾರೋ ಉತ್ಸಾಹಿಗಳು ಕೊಲ್ಲಿ ರಾಷ್ಟ್ರಗಳ ಕನ್ನಡಿಗರ ಹಳೆಯ ಫೋಟೋಗಳನ್ನು ಒಟ್ಟುಮಾಡಿ ಒಂದು ವೆಬ್‌ಸೈಟಿನಲ್ಲಿ ಹಾಕಿದ್ದಾರೆ. ಸೈಟಿನ ಹೆಸರು ಇಲ್ಲಿ ಬೇಡ. ಅದರಲ್ಲಿ 1990ಕ್ಕೆ ಮೊದಲಿನ ಒಂದು ಗುಂಪು ಚಿತ್ರ. ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯವರು ರಾಯರ ಶ್ರೀಮತಿಯವರು. ಅವರು ತೀರಿಕೊಂಡು ಬಹಳ ವರ್ಷಗಳಾದವು.

ರಾಯರ ಸ್ವಂತ ಆಲ್ಬಮ್ಮುಗಳೆಲ್ಲ 1990ರ ಆಗಸ್ಟಿನಲ್ಲಿ ಇಲ್ಲಿಯ ಫ್ಲ್ಯಾಟಿನಲ್ಲೇ ಉಳಿದುಹೋದವು. ಒಂದೊಂದು ಪೆಟ್ಟಿಗೆ ಹಿಡಿದು ಇರಾಕ್ ದಾಟಿ, ಅಮ್ಮಾನ್ ಸೇರಿ, ವಿಮಾನ ಹತ್ತಿದ ಲಕ್ಷಾಂತರ ಭಾರತೀಯರಲ್ಲಿ ಅವರ ಸಂಸಾರವೂ ಒಂದು. ಪಾಸ್‌ಪೋರ್ಟು, ಮಕ್ಕಳ ಬಟ್ಟೆ, ಒಂದಿಷ್ಟು ಒಡವೆ ಬಿಟ್ಟರೆ ಬೇರೇನೂ ಬರಲಿಲ್ಲ. ಆದ್ದರಿಂದ ಈ ಗುಂಪು ಚಿತ್ರವೆಂದರೆ ಅವರಿಗೆ ಸಾಮಾನ್ಯದ್ದಲ್ಲ. ಆದರೆ ಪರದೆಯ ಮೇಲೆ ಅದು ಹೆಬ್ಬೆರಳಿನ ಉಗುರಿನಷ್ಟೇ ಇತ್ತು. ಬೆರಳಿಟ್ಟು ಒತ್ತಿದರೆ ದೊಡ್ಡದಾಗಬೇಕು. ಒತ್ತಿದರು; ಮೇಲೆ ಸಣ್ಣ ಅಕ್ಷರದಲ್ಲಿ 'ಪಾಪ್‌ಅಪ್ ತಡೆಯಲಾಗಿದೆ' ಎಂಬ ಸಾಲೊಂದು ಬಂದು ಮಾಯವಾಯಿತು. ಮತ್ತೆ ಒತ್ತಿದರು, ಮತ್ತೆ ಅದೇ. ಕನ್ನಡಿಯೊಳಗಿನ ಗಂಟು ಎಂದು ಹಿಂದಿನವರು ಹೇಳಿದ್ದು ಇದಕ್ಕೇ ಇರಬೇಕು.

ರಾಯರ ಕಣ್ಣಿಗೆ ಏನೂ ಆಗಿರಲಿಲ್ಲ. ರೋಗವಿದ್ದದ್ದು ಪುಟಕ್ಕೆ. ಈ ರೋಗ ಬಂದ ಬಗೆ ಹೇಗೆ, ಮದ್ದು ಯಾವುದು ಎಂಬುದನ್ನು ಓದುಗರ ಮುಂದಿಡೋಣವೆಂದು ಈ ಬರಹ. ಸಂಘ ಸಂಸ್ಥೆಗಳ ಫೋಟೋ ಪುಟಗಳನ್ನು ನಾವೆಲ್ಲ ನೋಡುತ್ತೇವೆ, 'ಚೆನ್ನಾಗಿದೆ' ಎನ್ನುತ್ತೇವೆ, ಆದರೆ ವಿಮರ್ಶಿಸುವುದಿಲ್ಲ. ನಾಟಕಕ್ಕೆ ವಿಮರ್ಶೆ ಉಂಟು, ಊಟದ ಸಾರಿಗೂ ಉಂಟು, ಇದಕ್ಕೂ ಇರಲಿ.

ಉಗುರುಚಿತ್ರ ಹುಟ್ಟಿದ್ದಕ್ಕೆ ನ್ಯಾಯವಾದ ಕಾರಣವಿತ್ತು. 1993ರಲ್ಲಿ ಮೊಸಾಯಿಕ್ ಎಂಬ ಬ್ರೌಸರು ಅಕ್ಷರಗಳ ನಡುವೆಯೇ ಚಿತ್ರ ಕೂರಿಸುವುದನ್ನು ರೂಢಿಗೆ ತಂದಿತು. ಆದರೆ ಆಗಿನ ಟೆಲಿಫೋನ್ ತಂತಿಯ ಮೇಲೆ, ಸೆಕೆಂಡಿಗೆ 28.8 ಕಿಲೋಬಿಟ್ ವೇಗದ ಮೋಡೆಮಿನಲ್ಲಿ, 100 ಕಿಲೋಬೈಟಿನ ಒಂದು ಚಿತ್ರ ಇಳಿಯಲು ಸುಮಾರು 28 ಸೆಕೆಂಡು ಬೇಕು. ಇಪ್ಪತ್ತು ಚಿತ್ರಕ್ಕೆ 9 ನಿಮಿಷಕ್ಕೂ ಮಿಗಿಲು. ಅದೇ 5 ಕಿಲೋಬೈಟಿನ ಉಗುರುಚಿತ್ರಗಳಾದರೆ ಇಪ್ಪತ್ತೂ ಅರ್ಧ ನಿಮಿಷದಲ್ಲಿ ಬಂದುಬಿಡುತ್ತವೆ. ಬೇಕಾದ್ದನ್ನು ಒತ್ತಿ ದೊಡ್ಡದು ಮಾಡಿಕೊಳ್ಳಿ ಎಂಬುದು ಸಭ್ಯವಾದ ಏರ್ಪಾಡು. ಮದುವೆ ಮನೆಯಲ್ಲಿ ಎಲೆಯ ತುದಿಗೆ ಮೊದಲು ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಡಿಸಿದ ಹಾಗೆ. ಆದರೆ ಅನ್ನ ಬರಲೇಬೇಕಲ್ಲ!

ಅನ್ನ ತರುವ ಕೆಲಸ ಪಾಪ್‌ಅಪ್ ಕಿಟಕಿಗೆ ಬಿತ್ತು. 1995ರಲ್ಲಿ ಬಂದ ಜಾವಾಸ್ಕ್ರಿಪ್ಟಿನಿಂದ ಪುಟವೇ ತಾನಾಗಿ ಇನ್ನೊಂದು ಕಿಟಕಿ ತೆರೆಯುವುದು ಸಾಧ್ಯವಾಯಿತು. ಚಿತ್ರ ಅಲ್ಲಿ, ಪಟ್ಟಿ ಇಲ್ಲಿ. ನೋಡಲು ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಜಾಹೀರಾತಿನವರು ಆ ಕಿಟಕಿಯೊಳಗೆ ನುಗ್ಗಿದರು. ಟ್ರೈಪಾಡ್ ಎಂಬ ಸಂಸ್ಥೆಯಲ್ಲಿದ್ದ ಈಥನ್ ಝುಕರ್‌ಮನ್ ಎಂಬವರು, ಒಂದು ಅಸಭ್ಯ ಪುಟದ ಮೇಲೆ ತನ್ನ ಜಾಹೀರಾತು ಬಂತೆಂದು ಕಾರು ಕಂಪನಿಯೊಂದು ಬೇಸರಪಟ್ಟಾಗ, ಜಾಹೀರಾತನ್ನು ಬೇರೆ ಕಿಟಕಿಯಲ್ಲಿ ತೋರಿಸುವ ಕ್ರಮ ಬರೆದರಂತೆ. 2014ರಲ್ಲಿ ಅವರು ಅದಕ್ಕಾಗಿ ಬಹಿರಂಗವಾಗಿ ಕ್ಷಮೆಯನ್ನೂ ಕೇಳಿದರು. ಅಷ್ಟು ಹೊತ್ತಿಗೆ ಆಗಬೇಕಾದ ಅನರ್ಥವೆಲ್ಲ ಆಗಿತ್ತು. ಕಾಟ ತಾಳಲಾರದೆ ಬ್ರೌಸರುಗಳು ಕಿಟಕಿಗಳಿಗೇ ಚಿಲಕ ಹಾಕತೊಡಗಿದವು. 2004ರ ಆಗಸ್ಟಿನಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕಿನೊಂದಿಗೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕೂಡ ಹಾಕಿತು. ಕಳ್ಳನಿಗೆಂದು ಹಾಕಿದ ಚಿಲಕ ನೆಂಟರಿಗೂ ಬಿತ್ತು. ಅಂದಿನ ಅಭ್ಯಾಸದಲ್ಲೇ ಇಂದಿಗೂ ಪುಟ ಕಟ್ಟುವವರು ಇದ್ದಾರೆ. ರಾಯರು ನೋಡಿದ್ದು ಅಂಥದ್ದನ್ನೇ.

2005ರಲ್ಲಿ ಲೋಕೇಶ್ ಧಾಕರ್ ಎಂಬ ತಂತ್ರಜ್ಞರು 'ಲೈಟ್‌ಬಾಕ್ಸ್' ಎಂಬ ಸಣ್ಣ ಸಾಧನವನ್ನು ಬರೆದು ಎಲ್ಲರಿಗೂ ಹಂಚಿದರು. ಹೊಸ ಕಿಟಕಿಯೇ ಬೇಡ. ಅದೇ ಪುಟ ಹಿನ್ನೆಲೆಯಲ್ಲಿ ಕಪ್ಪಾಗುತ್ತದೆ, ನಡುವೆ ಚಿತ್ರ ದೊಡ್ಡದಾಗಿ ಬೆಳಗುತ್ತದೆ. ಸಿನಿಮಾ ಮಂದಿರದಲ್ಲಿ ದೀಪ ಆರಿದ ಹಾಗೆ. ಲೋಕವೆಲ್ಲ ಇದನ್ನು ಅನುಸರಿಸಿತು. ಹೆಸರು ನಮ್ಮ ವೃತ್ತಿಗೂ ಹತ್ತಿರದ್ದು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ನಾವು ಹೌಸ್‌ಸರ್ಜನ್ ಆಗಿದ್ದಾಗ ಗೋಡೆಯ ಬೆಳಕಿನ ಪೆಟ್ಟಿಗೆಗೆ ಎಕ್ಸ್‌ರೇ ಫಿಲ್ಮು ಸಿಕ್ಕಿಸಿ, ಗುರುಗಳು ಬರುವ ಮೊದಲೇ ಏನಾದರೂ ಕಂಡೀತೇ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆವು. ಮುಂದೆ ವಿದೇಶದಲ್ಲಿ ರೆಸಿಡೆನ್ಸಿ ಮಾಡುವಾಗ ಹಿರಿಯ ವೈದ್ಯರು ಕೇಳುತ್ತಿದ್ದ ಮೊದಲ ಪ್ರಶ್ನೆ "ಹಳೆಯ ಫಿಲ್ಮು ಎಲ್ಲಿ?" ಎಂಬುದೇ. ಹೊಸದನ್ನು ಎಷ್ಟು ದೊಡ್ಡದಾಗಿ ನೋಡಿದರೂ ಹಳೆಯದು ಪಕ್ಕದಲ್ಲಿಲ್ಲದಿದ್ದರೆ ರೋಗ ಬೆಳೆಯಿತೇ ಇಳಿಯಿತೇ ತಿಳಿಯುವುದಿಲ್ಲ. ಲೈಟ್‌ಬಾಕ್ಸ್ ಬಗೆಯ ಪುಟಗಳ ಮೇಲೆ ನಮ್ಮ ಮುಖ್ಯ ಆಕ್ಷೇಪ ಇದೇ. ಒಂದನ್ನು ಬೆಳಗಿಸಲು ಉಳಿದೆಲ್ಲವನ್ನೂ ಕತ್ತಲಿಗೆ ತಳ್ಳುತ್ತವೆ. ಎಷ್ಟೋ ಕಡೆ ಕೆಳಗಿನ ವಿವರಣೆಯೂ ಆ ಕತ್ತಲಲ್ಲೇ ಹೋಗುತ್ತದೆ.

ಒಂದು ಉದಾಹರಣೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ಹಂಪೆಯ ಫೋಟೋಗಳನ್ನು ತೆಗೆದ. ಮೇಣ ಹಚ್ಚಿದ ಕಾಗದವೇ ಆಗಿನ ನೆಗೆಟಿವು. ವಿಜಯ ವಿಠಲ ದೇವಾಲಯದ ಕಲ್ಲಿನ ರಥದ ಚಿತ್ರವೂ ಅವುಗಳಲ್ಲಿದೆ. ಉಗುರುಚಿತ್ರದಲ್ಲಿ ನೋಡಿದರೆ 'ಓ, ನಮ್ಮ ಕಲ್ಲಿನ ರಥ' ಎಂದು ಮುಂದೆ ಹೋಗುತ್ತೀರಿ. ದೊಡ್ಡದು ಮಾಡಿದರೆ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ಕಾಣುತ್ತದೆ! ಇಂದು ಅದಿಲ್ಲ, ಆಮೇಲೆ ಅದನ್ನು ಕಳಚಲಾಯಿತು. ಅನುಮಾನವಿದ್ದರೆ ಪರ್ಸಿನಲ್ಲಿ ಊರಿನ ಹೊಸ ಬಗೆಯ 50 ರೂಪಾಯಿಯ ನೋಟು ಉಳಿದಿದ್ದರೆ ತೆಗೆಯಿರಿ. 2017ರಿಂದ ಬಂದ ಆ ನೀಲಿ ನೋಟಿನ ಹಿಂಬದಿಯಲ್ಲಿ ಅದೇ ರಥ, ಶಿಖರವಿಲ್ಲದೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವರು ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಹಂಪೆಯನ್ನು ಮತ್ತೆ ಚಿತ್ರಿಸಿದರು. ಎರಡನ್ನೂ ಅಕ್ಕಪಕ್ಕ ಇಟ್ಟಾಗಲೇ ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಏನು ಬಿದ್ದಿತು, ಏನು ಉಳಿಯಿತು ಎಂಬುದು ಕಾಣುವುದು. ಒಂದನ್ನು ತೆರೆದರೆ ಇನ್ನೊಂದು ಮುಚ್ಚಿಹೋಗುವ ಪುಟದಲ್ಲಿ ಈ ಪಾಠ ಸಿಗುವುದಿಲ್ಲ.

ನಮ್ಮ ಕುವೈತಿನದೇ ಇನ್ನೊಂದು ಉದಾಹರಣೆ. ಇಲ್ಲಿಯ ಅಲ್‌ಸಬಾಹ್ ಸಂಗ್ರಹದಲ್ಲಿ ಮೊಗಲರ ಕಾಲದ ಮತ್ತು ದಖ್ಖನಿನ ಆಭರಣಗಳಿವೆ. 1990ರಲ್ಲಿ ಸಂಗ್ರಹದ ಬಹುಭಾಗವನ್ನು ಬಾಗ್ದಾದಿಗೆ ಸಾಗಿಸಲಾಗಿತ್ತು. ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆಯ ಮೂಲಕ ಹೆಚ್ಚಿನದು ಮರಳಿತು. ಅದರಲ್ಲಿ ಒಂದು ಕೆಂಪು ಸ್ಪೈನಲ್ ಹರಳಿದೆ. ಉಗುರುಚಿತ್ರದಲ್ಲಿ ಅದು ದಾಳಿಂಬೆಯ ಕಾಳು. ದೊಡ್ಡದು ಮಾಡಿದರೆ ಉಲುಗ್ ಬೇಗ್, ಜಹಾಂಗೀರ್, ಷಹಜಹಾನ್ ಮುಂತಾದ ದೊರೆಗಳ ಹೆಸರುಗಳನ್ನು ಅದರ ಮೈಮೇಲೆ ಕೆತ್ತಿರುವುದು ಕಾಣುತ್ತದೆ. ಆ ಹೆಸರುಗಳು ಕಾಣದಿದ್ದರೆ ನೋಡುವವನ ಪಾಲಿಗೆ ಅದು ಒಂದು ಕೆಂಪು ಕಲ್ಲು, ಅಷ್ಟೆ.

ಹಾಗಾದರೆ ಮದ್ದೇನು? ವೈದ್ಯರ ಕೈಬರಹವನ್ನು ಬೈಯುವವರಿಗಾಗಿ ಟೈಪು ಮಾಡಿಯೇ ಚೀಟಿ ಕೊಡುತ್ತಿದ್ದೇವೆ. ಮೊದಲನೆಯದು, ಉಗುರುಚಿತ್ರವು ದೊಡ್ಡ ಚಿತ್ರದ ವಿಳಾಸಕ್ಕೆ ನೇರವಾದ, ಸಾದಾ ಕೊಂಡಿಯಾಗಿರಲಿ. ಅಲಂಕಾರದ ಸ್ಕ್ರಿಪ್ಟು ಅದರ ಮೇಲೆ ಕೆಲಸ ಮಾಡಲಿ. ಸ್ಕ್ರಿಪ್ಟು ಕೆಟ್ಟರೂ ಚಿತ್ರವಂತೂ ತೆರೆಯುತ್ತದೆ; ಲಿಫ್ಟು ಕೆಟ್ಟರೂ ಮೆಟ್ಟಿಲು ಇರಬೇಕಲ್ಲವೆ? ಎರಡನೆಯದು, ದೊಡ್ಡ ಚಿತ್ರ ಅದೇ ಪುಟದಲ್ಲಿ ತೆರೆಯಲಿ. ಎದ್ದು ಕಾಣುವ ಗುಣಾಕಾರದ ಗುರುತಿನಿಂದಲೂ, ಮೊಬೈಲಿನ ಹಿಂದೆ ಹೋಗುವ ಗುಂಡಿಯಿಂದಲೂ ಮುಚ್ಚಲಿ. ಮುಚ್ಚಿದಾಗ ನೋಡುತ್ತಿದ್ದ ಜಾಗಕ್ಕೇ ಮರಳಲಿ. ನಲವತ್ತನೆಯ ಚಿತ್ರ ನೋಡಿ ಹಿಂದೆ ಒತ್ತಿದರೆ ಮೊದಲನೆಯದಕ್ಕೆ ತಂದು ಬಿಡುವುದು ಬಸ್ಸಿನಲ್ಲಿ ಮಂಡ್ಯಕ್ಕೆ ಬಂದವರನ್ನು ಮತ್ತೆ ಬೆಂಗಳೂರಿಗೆ ಒಯ್ದ ಹಾಗೆ. ಇದಕ್ಕೆ ಬೇಕಾದ 'ಡಯಲಾಗ್' ಎಂಬ ಅಂಗವೇ 2022ರ ಮಾರ್ಚಿನಿಂದ ಎಲ್ಲ ಮುಖ್ಯ ಬ್ರೌಸರುಗಳಲ್ಲೂ ಇದೆಯೆಂದು ನಮ್ಮ ಮಗಳು ಹೇಳುತ್ತಾಳೆ. ಮೂರನೆಯದು, ಎಡದಿಂದ ಬಲಕ್ಕೆ ಯಾರು ಯಾರು ಎಂಬ ವಿವರ ಕನ್ನಡದ ನಿಜ ಅಕ್ಷರಗಳಲ್ಲಿ ಚಿತ್ರದ ಜೊತೆಯಲ್ಲೇ ಇರಲಿ. ನಾಲ್ಕನೆಯದು, ಎರಡು ಬೆರಳಿನಿಂದ ಹಿಗ್ಗಿಸುವುದನ್ನು ತಡೆಯಬೇಡಿ. ಐದನೆಯದು, ಸಾಲು ಚೊಕ್ಕವಾಗಿ ಕಾಣಲೆಂದು ಉಗುರುಚಿತ್ರವನ್ನು ಚೌಕವಾಗಿ ಕತ್ತರಿಸಬೇಡಿ. ಗುಂಪು ಚಿತ್ರದಲ್ಲಿ ಚೌಕ ಕತ್ತರಿಸಿದರೆ ನಡುವಿನ ಅಧ್ಯಕ್ಷರು ಉಳಿಯುತ್ತಾರೆ, ಅಂಚಿನಲ್ಲಿ ನಿಂತವರು ಹೋಗುತ್ತಾರೆ. ಕುರ್ಚಿ ಎತ್ತಿಟ್ಟು ಕೊನೆಗೆ ಓಡಿ ಬಂದು ನಿಂತವರು ಅವರೇ.

ಇಷ್ಟು ಹೇಳಿದ ಮೇಲೆ ಎದುರು ವಾದವನ್ನೂ ಹೇಳಬೇಕು. ಇಂಥ ಪುಟಗಳನ್ನು ಕಟ್ಟುವವರು ಸಂಬಳಕ್ಕೆ ಮಾಡುವವರಲ್ಲ. ಡ್ಯೂಟಿ ಮುಗಿಸಿ, ಮಕ್ಕಳನ್ನು ಮಲಗಿಸಿ, ರಾತ್ರಿ ಹನ್ನೊಂದರ ಮೇಲೆ ಕುಳಿತು ಮಾಡುತ್ತಾರೆ. ಅವರಿಲ್ಲದಿದ್ದರೆ ಉಗುರಿನಷ್ಟೂ ಇರುತ್ತಿರಲಿಲ್ಲ. ಹೆಣ್ಣುಮಕ್ಕಳ ಚಿತ್ರಗಳನ್ನು ಕದ್ದು ದುರುಪಯೋಗ ಮಾಡುತ್ತಾರೆಂದು ಹೆದರಿ ಬೇಕೆಂದೇ ಚಿಕ್ಕದಾಗಿ ಹಾಕುವವರೂ ಇದ್ದಾರೆ. ಅದು ಮಾನ್ಯವಾದ ಕಾರಣ. ಆದರೆ ಹಾಗಿದ್ದರೆ ಹಾಗೆಂದು ಬರೆಯಲಿ, ಮನೆಯವರು ಕೇಳಿದರೆ ದೊಡ್ಡ ಪ್ರತಿ ಕಳಿಸಲಿ. ಒತ್ತಿದರೂ ತೆರೆಯದ ಬಾಗಿಲಿನಿಂದ ಯಾರ ಮಾನವೂ ಉಳಿಯುವುದಿಲ್ಲ.

ರಾಯರ ವಿಷಯಕ್ಕೆ ಬರೋಣ. ಮಗಳು ಆ ಪುಟದ ಒಳಗಿನ ಬರಹವನ್ನು ತೆರೆದು, ಪಾಪ್‌ಅಪ್ಪಿನಲ್ಲಿ ಬರಬೇಕಿದ್ದ ಚಿತ್ರದ ವಿಳಾಸ ಹುಡುಕಿ, ಲ್ಯಾಪ್‌ಟಾಪಿನಲ್ಲಿ ತೆರೆದಳು. ರಾಯರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಚಿತ್ರ ಬಂತು; ಆದರೆ ಮುಖ ಬರಲಿಲ್ಲ. ಲೆಕ್ಕ ಹಾಕಿ ನೋಡಿದೆವು. 8 ಅಂಗುಲ ಅಗಲದ ಪ್ರಿಂಟಿನಲ್ಲಿ ಒಂದು ಮುಖ ಸುಮಾರು 5 ಮಿಲಿಮೀಟರ್. 100 ಚುಕ್ಕಿ ಅಗಲದ ಉಗುರುಚಿತ್ರದಲ್ಲಿ ಅದರ ಪಾಲಿಗೆ ಬರುವುದು ಎರಡೂವರೆ ಚುಕ್ಕಿ. ಸೈಟಿನವರು ಇಟ್ಟಿದ್ದ 'ದೊಡ್ಡ' ಚಿತ್ರವೋ 640 ಚುಕ್ಕಿ ಅಗಲ. ಮುಖಕ್ಕೆ ಹದಿನಾರೇ ಚುಕ್ಕಿ. ಅಷ್ಟರಲ್ಲಿ ಬಾಗಿಲಿಗೊಂದು ರಂಗೋಲಿ ಹಾಕಬಹುದು. ಹೆಂಡತಿಯ ಮುಖ ಬರೆಯಲಾಗದು. ಸೂಕ್ಷ್ಮದರ್ಶಕ ಬಳಸುವವರು ಇದನ್ನು ಬರಿದು ವರ್ಧನೆ ಎನ್ನುತ್ತಾರೆ: ಗಾತ್ರ ಹೆಚ್ಚುತ್ತದೆ, ವಿವರ ಹೆಚ್ಚುವುದಿಲ್ಲ. ಅಂದಮೇಲೆ ಕಿಟಕಿ ಯಾವ ಬಗೆಯದು ಎಂಬ ನಮ್ಮ ಮೇಲಿನ ವಾದವೆಲ್ಲ ಎರಡನೆಯ ಮಾತು. ಕಿಟಕಿಯ ಹಿಂದೆ ಮೂಲಚಿತ್ರ ಇದೆಯೇ ಎಂಬುದೇ ಮೊದಲನೆಯದು.

ಸೈಟಿನವರಿಗೆ ಪತ್ರ ಬರೆದೆವು. ಪ್ರಿಂಟು ಕೊಟ್ಟವರು ಉಡುಪಿಯ ಕಡೆಯವರೆಂದೂ ಅದು ಈಗಲೂ ಅವರ ಮನೆಯ ಟ್ರಂಕಿನಲ್ಲಿದೆಯೆಂದೂ ತಿಳಿಯಿತು. ಅಂಗುಲಕ್ಕೆ 600 ಚುಕ್ಕಿಯಂತೆ ಮತ್ತೆ ಸ್ಕ್ಯಾನ್ ಮಾಡಿಸಿ ಕಳಿಸಿದರು. ಈಗ ಮುಖಕ್ಕೆ 118 ಚುಕ್ಕಿ. ರಾಯರು ಬಹಳ ಹೊತ್ತು ನೋಡಿದರು. ಆಮೇಲೆ, "ಆ ದಿನ ಅವಳು ಮುಂದಿನ ಸಾಲಿನಲ್ಲಿ ಕೂತ್ಕೊಳ್ಳೋದಿಲ್ಲ ಅಂತ ಹಟ ಮಾಡಿದ್ದಳು ಡಾಕ್ಟ್ರೇ, ಪಾಯಸದ ಕೈ ಒರೆಸ್ಕೊಳ್ತಾ ಬಂದು ನಿಂತದ್ದು" ಎಂದರು. ನೋಡಿದರೆ ನಿಜ, ಸೆರಗಿನ ತುದಿ ಕೈಯಲ್ಲಿತ್ತು.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ಒಂದು ವಿನಂತಿ. ರಜೆಯಲ್ಲಿ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕನ್ನು ಒಮ್ಮೆ ಇಳಿಸಿ. ಫೋಟೋಗಳನ್ನು ಮೊಬೈಲಿನಲ್ಲಿ ಕ್ಲಿಕ್ಕಿಸಿ ಗುಂಪಿಗೆ ಕಳಿಸಿ ಕೈ ತೊಳೆದುಕೊಳ್ಳಬೇಡಿ; ಸರಿಯಾಗಿ ಸ್ಕ್ಯಾನ್ ಮಾಡಿಸಿ, ಹಿಂಬದಿಯ ಬರಹವನ್ನೂ ಸೇರಿಸಿ. ಪ್ರಿಂಟನ್ನು ಎಸೆಯಬೇಡಿ. ನಮ್ಮ ಸಂಘದ ಚಿತ್ರಗಳನ್ನು ಮುಂದೆ ಯಾರೇ ವೆಬ್ಬಿಗೆ ಏರಿಸಿದರೂ ಮೇಲಿನ ಐದು ಮಾತುಗಳನ್ನು ಒಮ್ಮೆ ನೋಡಿ ಏರಿಸಲಿ. ಈ ಪತ್ರಿಕೆಯ ಫೋಟೋಗಳಲ್ಲಿ ಅಧ್ಯಕ್ಷರು ಯಾರು, ಮೈಕು ಯಾವುದು ಎಂದು ತಿಳಿಯದಿರುವುದು ಝೆರಾಕ್ಸಿನ ಕರ್ಮ. ಅದಕ್ಕೆ ನಮ್ಮ ಬಳಿ ಮದ್ದಿಲ್ಲ. ಉಳಿದದ್ದಕ್ಕೆ ಇದೆ. ಏನಂತೀರಿ?